ಕಾದಂಬರಿ ಬರೆಯುವ ಡಾಕ್ಟರ ಕ್ಲಿನಿಕ್ಕಿನಲ್ಲಿ

ಮನೋವೈದ್ಯರ ಬಾಗಿಲಲ್ಲಿ ಕೂತವರಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ಆ ವೈದ್ಯರು ಕಾದಂಬರಿಕಾರರೂ ಆಗಿಬಿಟ್ಟರೆ ಮುಗಿಯಿತು, ಬೆಳಿಗ್ಗೆ ಬೀಗ ತೆಗೆಯುವ ಮೊದಲೇ ಒಂದು ಪ್ರಸಂಗ ಬಾಗಿಲ ಹೊರಗೆ ನಿಂತಿರುತ್ತದೆ. ನಾನು ಅಂಥ ಒಬ್ಬರ ಹತ್ತಿರ ಕೆಲವು ವರ್ಷ ಕೆಲಸ ಮಾಡಿದೆ. ಅವರು ಪೋರ್ಚುಗಲ್‌ನವರು. ಈಗ ಊರಿಗೆ ವಾಪಸ್ ಹೋಗಿದ್ದಾರೆ. ಅವರ ನೆನಪಾದಾಗಲೆಲ್ಲ ನಗು ಬರುತ್ತದೆ. ಕ್ಲಿನಿಕ್ಕಿಗೆ ಬಂದವರ ಹೆಸರು ಹೇಳುವುದಿಲ್ಲ, ಊರನ್ನೂ ಬೇಕೆಂದೇ ಅದಲುಬದಲು ಮಾಡಿದ್ದೇನೆ. ಹುಡುಕಲು ಹೋಗಬೇಡಿ.

ಯಾರಿಗೂ ಹೇಳಬೇಡ

ಆಗ ನಾವು ಅಮೆರಿಕದ ಬಾತೆಲ್ ಅನ್ನುವ ಊರಿನಲ್ಲಿದ್ದೆವು. ಗಂಡನಿಗೆ ಸಾಫ್ಟ್‌ವೇರ್ ಕೆಲಸ. ನನಗೆ ಮೈಸೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದ ಅನುಭವ, ಅಂದರೆ ಅಮೆರಿಕದ ಲೆಕ್ಕದಲ್ಲಿ ಯಾವ ಅನುಭವವೂ ಇಲ್ಲ. ಗಂಡನ ವೀಸಾದ ಬಾಲ ಹಿಡಿದು ಬಂದ ನಮ್ಮಂಥವರಿಗೂ ಕೆಲಸ ಮಾಡುವ ಪರವಾನಗಿ ಸಿಗತೊಡಗಿದ ಹೊಸತು. ಅಲ್ಲೇ ನಾರ್ತ್ ಕ್ರೀಕ್ ಬಡಾವಣೆಯ ಒಂದು ಆಫೀಸು ಕಟ್ಟಡದಲ್ಲಿ ಎರಡು ಕೋಣೆಯ ಪುಟ್ಟ ಕ್ಲಿನಿಕ್‌ಗೆ ರಿಸೆಪ್ಷನಿಸ್ಟ್ ಬೇಕಾಗಿದ್ದಾರೆ ಅಂತ ಗೊತ್ತಾಗಿ ಹೋದೆ.

ಒಳಗೆ ಎಪ್ಪತ್ತರ ಹತ್ತಿರದ ಒಬ್ಬರು ಕೂತು ಕಾಗದದ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಏನೋ ಗೀಚುತ್ತಿದ್ದರು. ತಲೆ ಎತ್ತದೆ ಕೇಳಿದರು:

"ಮುಂಚೆ ಏನು ಮಾಡ್ತಿದ್ರಿ?"

"ಸಾಹಿತ್ಯ ಪಾಠ ಮಾಡ್ತಿದ್ದೆ."

ಈಗ ತಲೆ ಎತ್ತಿದರು. "ನಿಮ್ಮ ಕಡೆ ಸಾಹಿತ್ಯ ಯಾರು ಓದ್ತಾರೆ?"

"ಪರೀಕ್ಷೆ ಇರೋರು."

ಅವರು ಕನ್ನಡಕ ತೆಗೆದು ಕಣ್ಣೀರು ಬರುವಷ್ಟು ನಕ್ಕರು. "ಸೋಮವಾರದಿಂದ ಬನ್ನಿ" ಅಂದರು. ನನ್ನ ಇಂಟರ್‌ವ್ಯೂ ಅಷ್ಟೇ.

ಅವರ ಕಥೆ ಆಮೇಲೆ ಬಿಡಿಬಿಡಿಯಾಗಿ ಗೊತ್ತಾಯಿತು. ಲಿಸ್ಬನ್‌ನಲ್ಲಿ ಅಪ್ಪ ಡಾಕ್ಟರಾಗು ಅಂತ ಹಟ ಹಿಡಿದರಂತೆ, ಇವರಿಗೆ ಬರೆಯುವ ಹುಚ್ಚು. ವೈದ್ಯಕೀಯದಲ್ಲಿ ಕೂತಲ್ಲೇ ಕಥೆ ಕೇಳಬಹುದಾದ ವಿಭಾಗ ಯಾವುದು ಅಂತ ವಿಚಾರಿಸಿ ಮನೋವೈದ್ಯರಾದರಂತೆ. ಹೊಟ್ಟೆಪಾಡಿಗೆ ಇಲ್ಲಿಗೆ ಬಂದು ಮೂವತ್ತು ವರ್ಷ ಕಳೆದರೂ ಬರೆಯುವುದು ಪೋರ್ಚುಗೀಸಿನಲ್ಲೇ. ಪುಸ್ತಕಗಳು ಅಲ್ಲಿ ಅಚ್ಚಾಗುತ್ತಿದ್ದವು, ಹೆಸರೂ ಇತ್ತು. ಇಲ್ಲಿ ಮಾತ್ರ ಅವರು ಬರೆಯುತ್ತಾರೆ ಅನ್ನುವುದು ಪಕ್ಕದ ಆಫೀಸಿನವರಿಗೂ ಗೊತ್ತಿರಲಿಲ್ಲ.

ಮೈಸೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಹುಚ್ಚಿನ ಡಾಕ್ಟರ ಹತ್ತಿರ ಕೆಲಸ ಅಂದರೆ ಅಮ್ಮ ಎಲ್ಲಿ ಬೇಜಾರು ಮಾಡಿಕೊಳ್ಳುತ್ತಾಳೋ ಅಂತ ಅಳುಕಿತ್ತು. ಅಮ್ಮ ಅದನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡಳು. "ಕಾದಂಬರೀನೂ ಬರೀತಾರಮ್ಮ" ಅಂದಾಗ ಮಾತ್ರ ದನಿ ತಗ್ಗಿಸಿದಳು.

"ಅದನ್ನ ಯಾರ ಹತ್ರಾನೂ ಹೇಳ್ಬೇಡ. ಬರೀ ಹುಚ್ಚಿನ ಡಾಕ್ಟ್ರು ಅಂತ ಹೇಳು, ಸಾಕು."

ಹಲ್ಲುನೋವು

ನಮ್ಮವರಿಗೆ ಮನಸ್ಸಿಗೆ ಕಾಯಿಲೆ ಬರುವುದಿಲ್ಲ. ಬಂದರೂ ಪಕ್ಕದ ಮನೆಯವರಿಗೆ ಬರುತ್ತದೆ. ಕ್ಲಿನಿಕ್ಕಿನ ಎದುರಿಗೇ ಒಬ್ಬ ಹಲ್ಲಿನ ಡಾಕ್ಟರ ಆಫೀಸಿತ್ತು. ಹಾಗಾಗಿ ನಮ್ಮ ಕನ್ನಡದವರು ಅಪಾಯಿಂಟ್‌ಮೆಂಟ್ ತಗೊಂಡರೆ ಮೊದಲು ಅಲ್ಲಿ ಹೋಗಿ ಕೂರುತ್ತಿದ್ದರು. ಕಾರಿಡಾರಿನಲ್ಲಿ ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ ಪಟಕ್ಕನೆ ನಮ್ಮ ಬಾಗಿಲಿಗೆ ನುಗ್ಗುತ್ತಿದ್ದರು.

ಒಂದು ಸಲ ಬೆಂಗಳೂರಿನ ಒಬ್ಬ ಮ್ಯಾನೇಜರು ಹಾಗೆ ಅಲ್ಲಿ ಕೂತಿದ್ದಾಗ, ಅವರದೇ ಕಂಪನಿಯ ಇನ್ನೊಬ್ಬ ಕನ್ನಡಿಗ ಒಳಗೆ ಬಂದ. ಅವನದೂ ನಮ್ಮಲ್ಲೇ ಅಪಾಯಿಂಟ್‌ಮೆಂಟು, ಮುಂದಿನ ಗಂಟೆಯದು. ಇಬ್ಬರೂ ಬೆಚ್ಚಿದರು.

"ಏನ್ ಸಾರ್, ಇಲ್ಲಿ?"

"ಹಲ್ಲುನೋವು ಕಣ್ರೀ. ನೀವು?"

"ನಂಗೂ ಅದೇ ಸಾರ್. ರಾತ್ರಿ ನಿದ್ದೇನೇ ಇಲ್ಲ."

"ನಿದ್ದೆ ಅಂದ್ರಿ ನೋಡಿ, ನಂದೂ ಅದೇ ಸಮಸ್ಯೆ."

ಹಲ್ಲಿನ ಹೆಸರಿನಲ್ಲಿ ಇಬ್ಬರೂ ತಮ್ಮ ಸಂಕಟ ಪೂರ್ತಿ ತೋಡಿಕೊಂಡರು. ಕೇಳಿಸಿಕೊಂಡ ಹಲ್ಲಿನ ಡಾಕ್ಟರಿಗೆ ಕನ್ನಡ ಬಾರದಿದ್ದರೂ ಕೆನ್ನೆ ಹಿಡಿದುಕೊಂಡು ನರಳುವುದು ಕಾಣುತ್ತಿತ್ತು. ಪಾಪ, ತುರ್ತು ಅಂದುಕೊಂಡು ಮ್ಯಾನೇಜರನ್ನು ಕರೆದೇ ಬಿಟ್ಟರು. ಕಿರಿಯನ ಎದುರಿಗೆ ಇಲ್ಲ ಅನ್ನುವ ಹಾಗಿಲ್ಲ. ಹೋಗಿ ನೋಡಿದರೆ ನಿಜವಾಗಿಯೂ ಒಂದು ಹಲ್ಲು ಹುಳುಕಾಗಿತ್ತು.

ಮ್ಯಾನೇಜರು ನಮ್ಮಲ್ಲಿಗೆ ಬಂದಾಗ ದವಡೆ ಪೂರ್ತಿ ಮರಗಟ್ಟಿ, ಬಾಯಲ್ಲಿ ಹತ್ತಿ. ಒಂದಕ್ಷರ ಆಡಲಾರರು. ನಮ್ಮ ಡಾಕ್ಟ್ರು ಅವರನ್ನು ಕೂರಿಸಿಕೊಂಡು, ಕಿಟಕಿಯಾಚೆ ಮಳೆ ನೋಡುತ್ತ, ಮಾತಿಲ್ಲದೆ ಗಂಟೆ ಪೂರ್ತಿ ಜೊತೆಗಿದ್ದರು. ಮಾರನೇ ದಿನ ಮ್ಯಾನೇಜರು ನನಗೆ ಫೋನ್ ಮಾಡಿದರು.

"ಮೇಡಮ್, ಮುಂದಿನ ವಾರಾನೂ ಹಾಕಿ. ನನ್ನ ಜೀವನದಲ್ಲಿ ಯಾರೂ ನನ್ನ ಮಾತನ್ನ ಇಷ್ಟು ಚೆನ್ನಾಗಿ ಕೇಳಿಸ್ಕೊಂಡಿರಲಿಲ್ಲ."

ಇಂಗ್ಲಿಷ್ ಬಾರದ ಅಮ್ಮ

ಡಾಕ್ಟರಿಗೆ ಒಬ್ಬನೇ ಮಗ. ನಲವತ್ತು ದಾಟಿದವನು, ಹತ್ತಿರದ ರೆಡ್ಮಂಡ್‌ನಲ್ಲಿ ಕೆಲಸ. ತಾಯಿ ತೀರಿಕೊಂಡ ಮೇಲೆ ಅಪ್ಪನ ಜೊತೆ ಊಟ ಮಾಡಲು ಪ್ರತಿ ಶುಕ್ರವಾರ ತಪ್ಪದೆ ಕ್ಲಿನಿಕ್ಕಿಗೆ ಬರುತ್ತಿದ್ದ. ಅಪ್ಪ ಪೋರ್ಚುಗೀಸಿನಲ್ಲಿ ಕೇಳುವುದು, ಮಗ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. ಅಪ್ಪ ಮತ್ತೆ ಪೋರ್ಚುಗೀಸು, ಮಗ ಮತ್ತೆ ಇಂಗ್ಲಿಷು. ನಮ್ಮ ಮನೆಯನ್ನೇ ಯಾರೋ ಎತ್ತಿ ತಂದು ಅಲ್ಲಿ ಇಟ್ಟ ಹಾಗಿತ್ತು. ನನ್ನ ಮಗಳಿಗೆ ಆಗ ಹತ್ತು ವರ್ಷ. "ಊಟಕ್ಕೆ ಬಾರೇ" ಅಂದರೆ "ಫೈವ್ ಮಿನಿಟ್ಸ್" ಅನ್ನುವ ಪೈಕಿ.

ಮಗ ಒಳ್ಳೆಯವನು. ಆದರೆ ಅಪ್ಪನ ಒಂದೇ ಒಂದು ಪುಸ್ತಕ ಓದಿರಲಿಲ್ಲ. ಕೇಳಿದರೆ "ಇಂಗ್ಲಿಷಿಗೆ ಬರಲಿ, ಓದ್ತೀನಿ" ಅನ್ನುತ್ತಿದ್ದ. ಒಂದು ಶುಕ್ರವಾರ ಅವನು ಹೋದ ಮೇಲೆ ಡಾಕ್ಟ್ರು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಲಿಸ್ಬನ್‌ನಲ್ಲಿ ಗುರುತಿಲ್ಲದವರೆಲ್ಲ ಓದ್ತಾರೆ. ನನಗೆ ಬೇಕಾಗಿರೋನು ಒಬ್ಬ. ಅವನು ಸ್ಯಾಂಡ್‌ವಿಚ್ ತಿಂದು ಹೋಗ್ತಾನೆ" ಅಂದರು. "ಚಿಕ್ಕವನಿದ್ದಾಗ ಪಟಪಟ ಅಂತ ನಮ್ಮ ಭಾಷೆ ಮಾತಾಡ್ತಿದ್ದ. ಸಾಯೋದ್ರೊಳಗೆ ಒಂದ್ಸಲ ಅವನ ಬಾಯಲ್ಲಿ ಅದನ್ನ ಕೇಳ್ಬೇಕು."

ನನ್ನ ಮಗಳ ಮಾತು ತೆಗೆದೆ. ಅವರು ಕೂಡಲೇ ಡಾಕ್ಟರಾಗಿಬಿಟ್ಟರು.

"ಸುಲಭ. ನಿಮಗೆ ಇಂಗ್ಲಿಷ್ ಬರೋದನ್ನ ನಿಲ್ಲಿಸಿ."

ಅವತ್ತು ಸಂಜೆಯಿಂದಲೇ ಶುರು ಮಾಡಿದೆ. ಮಗಳು ಇಂಗ್ಲಿಷಿನಲ್ಲಿ ಏನು ಕೇಳಿದರೂ ಪಿಳಿಪಿಳಿ ನೋಡಿ "ಏನು? ಅರ್ಥ ಆಗ್ಲಿಲ್ಲ" ಅಂತಿದ್ದೆ. ಅವಳು ಒಂದು ಸಲ ನಕ್ಕಳು, ಇನ್ನೊಂದು ಸಲ ಸಿಟ್ಟಾದಳು, ಆಮೇಲೆ ನನ್ನ ಹಣೆ ಮುಟ್ಟಿ ನೋಡಿದಳು. ಕೊನೆಗೆ ಬಾಗಿಲು ಹಾಕಿಕೊಂಡು ಅಪ್ಪನಿಗೆ ಫೋನ್ ಮಾಡಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಅಮ್ಮನಿಗೆ ಏನೋ ಆಗಿದೆ, ಬೇಗ ಬಾ, ಅವಳದೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರೆ ಡಿಸ್ಕೌಂಟ್ ಸಿಗಬಹುದು ಅಂತ.

ಮಾರನೇ ದಿನ ಡಾಕ್ಟರಿಗೆ ವರದಿ ಒಪ್ಪಿಸಿ, "ನಿಮ್ಮ ಮಗನ ಮೇಲೆ ಇದು ಫಲ ಕೊಟ್ಟಿತ್ತಾ?" ಅಂತ ಕೇಳಿದೆ.

"ಇಲ್ಲ" ಅಂದರು. "ಅವನು ನನಗೆ ಕಿವಿ ಕೇಳ್ಸಲ್ಲ ಅಂದ್ಕೊಂಡು ಹಿಯರಿಂಗ್ ಏಡ್ ತಂದ್ಕೊಟ್ಟ."

ಅಜ್ಜಿಯ ಮೊಣಕಾಲು

ಮಗ ಓದದಿದ್ದರೆ ನಾನಾದರೂ ಓದೋಣ ಅನ್ನಿಸಿತು. ಅವರ ಒಂದು ಕಾದಂಬರಿ ಈಸಿಕೊಂಡು ಹೋಗಿ, ಪುಟದ ಮೇಲೆ ಫೋನ್ ಹಿಡಿದೆ. ಪೋರ್ಚುಗೀಸನ್ನು ಕನ್ನಡಕ್ಕೆ ತಿರುಗಿಸುವ ಆಪ್ ಇತ್ತು. ಮೊದಲ ಸಾಲು ಬಂತು: "ಅಜ್ಜಿಯ ಮೊಣಕಾಲು ಸಮುದ್ರದ ಕ್ಷಮೆ ಕೇಳಿತು, ಬೀರು ಅಳುತ್ತಿದ್ದುದರಿಂದ ಯಾರಿಗೂ ಕೇಳಿಸಲಿಲ್ಲ."

ಎರಡನೇ ಸಾಲು ಇನ್ನೂ ಕೆಟ್ಟದಾಗಿತ್ತು. ಅದು ಮುಗಿಯುತ್ತಲೂ ಇರಲಿಲ್ಲ, ಮೂರು ಪುಟ ತಿರುಗಿಸಿದರೂ ಒಂದು ಪೂರ್ಣವಿರಾಮ ಕಾಣಲಿಲ್ಲ. ಎಷ್ಟು ಚೆನ್ನಾಗಿ ಬರೆದಿದ್ದರೋ ಏನೋ, ಈ ಆಪ್ ಪಾಪದ ಮನುಷ್ಯನ ಕಾದಂಬರಿಯನ್ನು ಹಾಳು ಮಾಡಿಬಿಟ್ಟಿದೆ ಅಂತ ಸಂಕಟವಾಯಿತು. ಬೆಳಿಗ್ಗೆ ಅವರಿಗೆ ಫೋನ್ ತೋರಿಸಿ, ಅದನ್ನು ಇಂಗ್ಲಿಷಿನಲ್ಲಿ ಹೇಳಿ, "ನೋಡಿ ಡಾಕ್ಟ್ರೇ, ಎಷ್ಟು ತಪ್ಪು ತಪ್ಪಾಗಿ ಬರುತ್ತೆ" ಅಂದೆ.

ಅವರು ಕುರ್ಚಿಯ ಅಂಚಿಗೆ ಸರಿದು ಗಮನವಿಟ್ಟು ಕೇಳಿದರು. ಇನ್ನೊಂದು ಸಲ ಹೇಳಿ ಅಂದರು. ಮುಖ ಅರಳಿತು.

"ಒಂದಕ್ಷರಾನೂ ತಪ್ಪಿಲ್ಲ" ಅಂದರು.

ಎರಡು ಮಾತು

ಕೊನೆಯದು ನಮ್ಮವರ ಕಾರ್ಯಕ್ರಮ. ಡಾಕ್ಟ್ರು ಕ್ಲಿನಿಕ್ ಮುಚ್ಚಿ ಲಿಸ್ಬನ್‌ಗೆ ಹೊರಟುಬಿಡುವುದು ಅಂತ ನಿರ್ಧಾರ ಮಾಡಿದ್ದರು. ಕೊನೆಯ ಕಾದಂಬರಿ ಮುಗಿದಿತ್ತು. ಅದರ ಮೊದಲ ಪುಟವನ್ನು ಹೋಗುವ ಮುಂಚೆ ಮಗನಿಗೆ ಓದಿ ಹೇಳಬೇಕು ಅಂತ ಆಸೆ. ಮಗನಿಗೆ ಪ್ರತಿ ಸಲವೂ ಊಟ ಮುಗಿದ ಕೂಡಲೇ ಮೀಟಿಂಗು.

ಇದನ್ನು ನಮ್ಮ ಕನ್ನಡ ಓದುಗರ ಬಳಗದ ಅಧ್ಯಕ್ಷರ ಕಿವಿಗೆ ಹಾಕಿದೆ. ಬಾಗಲಕೋಟೆ ಕಡೆಯವರು, ಡುವಾಲ್‌ನಲ್ಲಿ ಮನೆ ಮಾಡಿ ಹಿತ್ತಲಲ್ಲಿ ಮೆಂತ್ಯ ಬೆಳೆಯುತ್ತಿದ್ದವರು.

"ಏನ್ರೀ ಮೇಡಮ್, ಇಷ್ಟ್ ದೊಡ್ಡ ಸಾಹಿತಿ ಇಲ್ಲೇ ಬಾಜೂಕ ಅದಾರ, ನೀವು ಈಗ ಹೇಳಾಕತ್ತೀರಿ? ಒಂದು ಸನ್ಮಾನ ಮಾಡದ ಕಳಸಿದ್ರ ಏನ್ ಮರ್ಯಾದಿ ಉಳಿತೈತ್ರಿ ನಮ್ಮದು?"

"ಸನ್ಮಾನ ಬೇಡ ಸಾರ್, ಅವರಿಗೆ ಒಂದು ಪುಟ ಓದ್ಬೇಕು ಅಷ್ಟೇ. ಮಗ ಕೇಳ್ಬೇಕು."

"ಓದ್ಲಿರಿ. ಸನ್ಮಾನದ ನಡುವ ಓದ್ಲಿ."

ದೂರದ ಕೆಂಟ್‌ನಲ್ಲಿ ಗೋದಾಮುಗಳ ಮಧ್ಯೆ ಒಂದು ಹಾಲ್ ಸಿಕ್ಕಿತು. ಭಾನುವಾರ ಸಂಜೆ, ಜೋರು ಮಳೆ. ಡಾಕ್ಟ್ರು ಹೈವೇಯಲ್ಲಿ ಮಳೆಗೆ ಕಾರು ಓಡಿಸುತ್ತಿರಲಿಲ್ಲ, ಆದ್ದರಿಂದ ಮಗನೇ ಕರೆತಂದ, ಬಂದವನು ಕೂರಲೇಬೇಕಾಯಿತು. ನನ್ನ ಹಂಚಿಕೆ ಫಲಿಸಿತು ಅಂತ ಹಿಗ್ಗಿದೆ. ನಮ್ಮವರ ಕಾರ್ಯಕ್ರಮ ಹೇಗಿರುತ್ತದೆ ಅನ್ನುವುದನ್ನೇ ಮರೆತಿದ್ದೆ.

ಪ್ರಾರ್ಥನೆ ಆಯಿತು. ದೀಪ ಹಚ್ಚಿದ್ದಾಯಿತು, ಹಾಲ್‌ನ ಸ್ಮೋಕ್ ಅಲಾರಂ ಕೂಗಿ ಅದನ್ನು ಆರಿಸಿದ್ದೂ ಆಯಿತು. ಸ್ವಾಗತ ಭಾಷಣ. ಅತಿಥಿಗಳ ಪರಿಚಯ, ಅದಕ್ಕೆ ಮುಂಚೆ ಪರಿಚಯ ಮಾಡಿಕೊಡುವವರ ಪರಿಚಯ. ಶಾಲು, ಹಾರ, ಮೈಸೂರು ಪೇಟ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಓದಬೇಕಾದ ಪುಟ ಆ ಅನಾನಸಿನ ಅಡಿಯಲ್ಲೆಲ್ಲೋ ಸಿಕ್ಕಿಕೊಂಡಿತ್ತು.

ಆಮೇಲೆ ಅಧ್ಯಕ್ಷರು ಎದ್ದರು. "ಸಮಯದ ಅಭಾವ ಇರೂದ್ರಿಂದ ಒಂದ ಮಾತು ಹೇಳಿ ಕೂಡ್ತೀನಿ" ಅಂದರು. ಪೋರ್ಚುಗೀಸರು ನಮಗೆ ಮೆಣಸಿನಕಾಯಿ ತಂದುಕೊಟ್ಟವರು ಅನ್ನುವಲ್ಲಿಂದ ಶುರುವಾಯಿತು. ಅಲ್ಲಿಂದ ಬ್ಯಾಡಗಿಗೆ ಹೋದರು. ಬ್ಯಾಡಗಿಯಿಂದ ತಮ್ಮ ತಾಯಿ ಕುಟ್ಟುತ್ತಿದ್ದ ಖಾರದ ಪುಡಿಗೆ ಹೋಗಿ ಅಲ್ಲೇ ಬಹಳ ಹೊತ್ತು ನಿಂತರು. ಹಿಂದಿನ ಮೇಜಿನಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿತ್ತು. ಮೊದಲ ಸಾಲಿನಲ್ಲಿ ಮಗ ಕುರ್ಚಿಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲುತ್ತಿದ್ದ. ವೇದಿಕೆಯ ಮೇಲೆ ಡಾಕ್ಟ್ರು ಪೇಟದ ಕೆಳಗಿನಿಂದ ಅವನನ್ನೇ ನೋಡುತ್ತಿದ್ದರು. ನನಗೆ ಅಳುವೇ ಬಂತು.

ಅಷ್ಟರಲ್ಲಿ ಹಾಲ್ ನೋಡಿಕೊಳ್ಳುವವನು ಬಂದು ಗಡಿಯಾರ ತೋರಿಸಿದ. ನಮ್ಮ ನಂತರ ಯಾರದೋ ಹುಟ್ಟುಹಬ್ಬವಿತ್ತು. ಓದುವುದಕ್ಕೆ ಸಮಯವೇ ಉಳಿದಿರಲಿಲ್ಲ. ಅಧ್ಯಕ್ಷರಿಗೂ ಪಿಚ್ಚೆನಿಸಿರಬೇಕು, ಸಾಹಿತಿಯ ಮನೆಯವರನ್ನಾದರೂ ಗೌರವಿಸೋಣ ಅಂತ ಮಗನನ್ನು ವೇದಿಕೆಗೆ ಕರೆದು ಮೈಕ್ ಕೈಗಿತ್ತರು. ಎರಡು ಮಾತು ಹೇಳಬೇಕು ಅಂದರು. ಅವನು ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಅನ್ನುವಷ್ಟರಲ್ಲಿ ತಡೆದರು. ನಮ್ಮ ಬಳಗದಲ್ಲಿ ವೇದಿಕೆಯ ಮೇಲೆ ಇಂಗ್ಲಿಷ್ ಆಡಬಾರದು ಅಂತ ಕಟ್ಟುನಿಟ್ಟು. ನಮ್ಮ ಮಕ್ಕಳೆಲ್ಲ ಅದರಿಂದ ನೊಂದವರೇ.

"ನೋ ಇಂಗ್ಲಿಷ್. ಓನ್ಲಿ ಮದರ್ ಟಂಗ್" ಅಂತ ಅಧ್ಯಕ್ಷರು ಇಂಗ್ಲಿಷಿನಲ್ಲೇ ಆಜ್ಞೆ ಮಾಡಿದರು.

ನಿಮಗೆ ಅರ್ಥವಾಗುವುದಿಲ್ಲವಲ್ಲ ಅಂತ ಅವನು ಗೋಗರೆದ. ಅಧ್ಯಕ್ಷರು ಬಗ್ಗಲಿಲ್ಲ. ಹಿಂದಿನ ಸಾಲಿನ ಮಕ್ಕಳು ಮೊಬೈಲ್ ಕೆಳಗಿಟ್ಟು, ಈ ಬೆಳೆದ ಮನುಷ್ಯ ಹೇಗೆ ತಪ್ಪಿಸಿಕೊಳ್ಳುತ್ತಾನೆ ಅಂತ ಕತ್ತು ಚಾಚಿ ನೋಡಿದರು.

ಅವನು ಸುತ್ತ ನೋಡಿದ. ದೊಡ್ಡದಾಗಿ ಉಸಿರು ಬಿಟ್ಟ. ಅಪ್ಪನ ಕಡೆ ತಿರುಗಿ ಮಾತಾಡಿದ, ಮೊದಲು ತಡವರಿಸಿ, ಆಮೇಲೆ ಕೈಯಾಡಿಸುತ್ತ, ಕೊನೆಗೆ ದನಿಯೇರಿಸಿ, ಪೂರ್ತಿ ಪೋರ್ಚುಗೀಸಿನಲ್ಲಿ. ಡಾಕ್ಟ್ರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದರು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅದನ್ನು ನೋಡಿ ನಮ್ಮ ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಚಪ್ಪಾಳೆ ನಿಲ್ಲಲೇ ಇಲ್ಲ.

ಅಧ್ಯಕ್ಷರು ಮೈಕ್ ಕಸಿದುಕೊಂಡರು. "ತಂದಿಯ ಸಾಹಿತ್ಯದ ಬಗ್ಗೆ ಮಗ ಇಷ್ಟ್ ಆಳವಾಗಿ ವಿಮರ್ಶಾ ಮಾಡಿದ್ದು ನಾ ಎಲ್ಲೂ ಕೇಳಿಲ್ಲ" ಅಂದರು.

ಊಟದ ಸಾಲಿನಲ್ಲಿ ಡಾಕ್ಟರ ಪಕ್ಕ ನಿಂತು, ಮಗ ಏನು ಹೇಳಿದ ಅಂತ ಕೇಳಿದೆ. ಅವರು ಇನ್ನೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು.

"'ಅಪ್ಪಾ, ಈ ಜನ ಸಂಜೆಯಿಂದ ಬಾಯಿ ಮುಚ್ಚಿಲ್ಲ. ನನ್ನ ಹೊಟ್ಟೆ ಚುರುಗುಟ್ಟುತ್ತಾ ಇದೆ. ಆ ಹಾಳು ಪುಟಾನ ಮನೇಲಿ ಓದು, ಎಷ್ಟು ಹೊತ್ತು ಬೇಕಾದ್ರೂ ಕೂತು ಕೇಳ್ತೀನಿ. ಈಗ ತಲೆ ಮೇಲಿರೋದನ್ನ ತೆಗೆದು ಊಟಕ್ಕೆ ಎದ್ದು ಬಾ.' ಅಷ್ಟೇ ಹೇಳಿದ್ದು." ಡಾಕ್ಟ್ರು ಮೂಗು ಎಳೆದುಕೊಂಡರು. "ನಮ್ಮಮ್ಮ ನನ್ನ ಹೀಗೇ ಬೈತಿದ್ದಳು."