ಹನ್ನೊಂದನೆಯ ಡಬ್ಬಿ

ಹುಟ್ಟಲಿರುವ ಮಗುವಿನ ಬಗ್ಗೆ ಈ ಮನೆಯಲ್ಲಿ ತಲೆ ಕೆಡಿಸಿಕೊಂಡಿರುವ ಪ್ರಾಣಿ ತಾನೊಬ್ಬನೇ ಎಂಬುದು ಇನ್‌ಸ್ಪೆಕ್ಟರರ ದೂರು. (ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ, ಬಿಸ್ಕತ್ತು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವರು. ಗತ್ತಿಗೇನೂ ಕಡಿಮೆಯಿಲ್ಲ.) ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹೆಂಡತಿ ಬಸುರಿ, ಈಗ ಏಳು ತಿಂಗಳು. ಇವರಿಗೋ ನಲವತ್ತನಾಲ್ಕು. ‘ಗರ್ಭಿಣಿಯರೇ, ನಿಮ್ಮ ಕ್ರೀಮಿನಲ್ಲಿ ಏನಿದೆ?’ ಎಂಬ ಲೇಖನವೊಂದನ್ನು ಓದಿದ್ದೇ ತಡ, ಅವರ ಜೀವ ಪುಕಪುಕ ಎನ್ನತೊಡಗಿತು.

ಕಾರ್ಖಾನೆಯಲ್ಲಿ ಹಿಟ್ಟಿನ ಮೂಟೆಯ ಮೇಲೆ ಅನುಮಾನ ಬಂದರೆ ಅವರು ಕೆಂಪು ಚೀಟಿ ಅಂಟಿಸುತ್ತಾರೆ: ‘ತಪಾಸಣೆ ಮುಗಿಯುವವರೆಗೆ ಬಳಸಬಾರದು.’ ಆ ಚೀಟಿಗಳ ಒಂದು ಸುರುಳಿ ಜೇಬಿನಲ್ಲಿ ಕುಳಿತು ಮನೆಗೆ ಬಂತು. ಭೂತಗನ್ನಡಿ ಹಿಡಿದು ಹೆಂಡತಿಯ ಕಪಾಟಿನ ಮೇಲೆ ದಂಡೆತ್ತಿ ಹೋದವರು ಸೋಪು, ಶಾಂಪೂ, ತುಟಿಯ ಮುಲಾಮು ಎನ್ನದೆ ಹತ್ತು ವಸ್ತುಗಳಿಗೆ ಚೀಟಿ ಬಡಿದರು.

“ರೀ, ಹೊಟ್ಟೆ ಚರ್ಮ ಬಿಗಿದು ಕೆರೆತ ತಡೆಯಕ್ಕಾಗ್ತಿಲ್ಲ. ಆ ಲೋಷನ್ ಕೊಡಿ.”

“ಅದರಲ್ಲಿ ಏನೇನಿದೆ ಗೊತ್ತಾ? ಒಂದೊಂದು ಹೆಸರು ಓದಕ್ಕೂ ಎರಡೆರಡು ಸಲ ಉಸಿರು ತಗೋಬೇಕು!”

“ನಿಮ್ಮ ಬಿಸ್ಕತ್ತು ಪೊಟ್ಟಣದ ಹಿಂದೆ ಏನು ಲಾಲಿ ಹಾಡು ಬರ್ದಿದ್ಯಾ?”

ಮಗಳ ಆರೈಕೆಗೆಂದು ಬಂದಿದ್ದ ಅತ್ತೆ ಪಕ್ಕದಿಂದಲೇ ಹೇಳಿದರು: “ಅಳಿಯಂದ್ರೇ, ನಲ್ಲಿಗೂ ಒಂದು ಅಂಟಿಸಿಬಿಡಿ.”

ಇನ್‌ಸ್ಪೆಕ್ಟರರು ಜಗ್ಗಲಿಲ್ಲ. ಹಾಗಂತ ಕಟುಕರೂ ಅಲ್ಲ. ದಿನಾ ಸಂಜೆ ಕೆಲಸದಿಂದ ಬಂದು, ಬಚ್ಚಲಮನೆಯಲ್ಲಿ ಬಾಗಿಲು ಹಾಕಿಕೊಂಡು ಐದು ನಿಮಿಷ ಕಳೆದು, ಮುಖ ಮಿರಮಿರ ಮಿಂಚಿಸುತ್ತಾ ಹೊರಬಂದು, ಬರೀ ಅಡುಗೆ ಎಣ್ಣೆಯನ್ನು ಹೆಂಡತಿಯ ಹೊಟ್ಟೆಗೆ ಕೈಯಾರೆ ಸವರುತ್ತಿದ್ದರು. ಒಳಗಿನಿಂದ ಮಗು ಒದ್ದರೆ ಅವರ ಕಣ್ಣು ತುಂಬಿ ಬರುತ್ತಿತ್ತು.

ಶನಿವಾರ ಮೂವರೂ ಡಾಕ್ಟರಮ್ಮನ ಹತ್ತಿರ ಹೋಗಬೇಕಿತ್ತು. “ಮನೇಲಿರೋ ಡಬ್ಬಿ ಒಂದೂ ಬಿಡದೆ ಚೀಲಕ್ಕೆ ಹಾಕು,” ಎಂದು ಗಂಡನ ಅಪ್ಪಣೆಯಾಯಿತು.

“ಒಂದೂ ಬಿಡದೆ?”

“ಒಂದೂ!”

ಡಾಕ್ಟರಮ್ಮ ಕೆಂಪು ಚೀಟಿಗಳನ್ನು ಕಂಡು ನಗು ನುಂಗಿಕೊಂಡು ಒಂದೊಂದೇ ಓದಿದರು. “ಇದು ಪರವಾಗಿಲ್ಲ. ಇದೂ ಪರವಾಗಿಲ್ಲ. ಈ ಲೋಷನ್ ಧಾರಾಳವಾಗಿ ಹಚ್ಚಿ. ಹಾಲೂಡಿಸೋ ಕಾಲಕ್ಕೂ ನಡೆಯುತ್ತೆ, ಎದೆ ಮೇಲೆ ಮಾತ್ರ ಬೇಡ, ಮಗು ಬಾಯಿಗೆ ಹೋಗುತ್ತೆ.” ಹತ್ತೂ ಡಬ್ಬಿಗಳು ಪಾಸಾದವು. ಇನ್‌ಸ್ಪೆಕ್ಟರರ ಮುಖ ಇಂಗು ತಿಂದ ಮಂಗನಂತಾಯಿತು.

ಚೀಟಿಯಿಲ್ಲದ, ಬಂಗಾರದ ಮುಚ್ಚಳದ ಹನ್ನೊಂದನೆಯ ಪುಟ್ಟ ಡಬ್ಬಿ ಹೊರಬಂತು. ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು. “ಇದು ಬೇಡವೇ ಬೇಡ. ಇದರಲ್ಲಿ ರೆಟಿನಾಯ್ಡ್ ಇದೆ. ಬಸುರಿಯರು ಹಚ್ಚಬಾರದು.”

“ನೋಡಿದ್ಯಾ!” ಇನ್‌ಸ್ಪೆಕ್ಟರರು ಕುರ್ಚಿಯಿಂದ ನೆಗೆದರು. “ಬಾಯಿ ಬಡ್ಕೊಂಡೆ, ಕೇಳಿದ್ರಾ ತಾಯಿ ಮಗಳು? ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ?”

“ನಾನಲ್ಲ, ನೀವು. ನಿಮ್ಮ ಶೇವಿಂಗ್ ಸಾಮಾನಿನ ಹಿಂದಿತ್ತು.”

ಮುಖದ ಸುಕ್ಕು ತೆಗೆಯುವ ಕ್ರೀಮು. ನಾಳೆ ಶಾಲೆಯ ಗೇಟಿನಲ್ಲಿ ಯಾರಾದರೂ ಮಗುವಿಗೆ ‘ತಾತ ಬಂದ್ರು ನೋಡು’ ಎಂದುಬಿಟ್ಟರೆ ಎಂಬ ಸಂಕಟಕ್ಕೆ ಗುಟ್ಟಾಗಿ ತಂದದ್ದು. ಬಸುರಿ ತಾನಲ್ಲವಲ್ಲ, ಹಾಗಾಗಿ ತನ್ನ ಕಪಾಟು ತಪಾಸಣೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅವರು ಮನಸಾರೆ ನಂಬಿದ್ದರು.

“ನೀವು ಹಚ್ಕೊಳ್ಳೋದಾದ್ರೆ ತೊಂದರೆಯಿಲ್ಲ ಬಿಡಿ,” ಎಂದರು ಡಾಕ್ಟರಮ್ಮ. “ಆಮೇಲೆ ಕೈ ತೊಳ್ಕೊಂಡೇ ಇವರನ್ನ ಮುಟ್ಟಿ, ಅಷ್ಟೇ.”

ಇನ್‌ಸ್ಪೆಕ್ಟರರು ತಮ್ಮ ಅಂಗೈ ನೋಡಿಕೊಂಡರು. ಹೆಂಡತಿ ತನ್ನ ಹೊಟ್ಟೆ ನೋಡಿಕೊಂಡಳು. ಅತ್ತೆ ಇಬ್ಬರನ್ನೂ ನೋಡಿದರು.

“ಡಾಕ್ಟ್ರೇ...” ಇನ್‌ಸ್ಪೆಕ್ಟರರು ಎರಡೂ ಕೈ ಮುಂದೆ ಚಾಚಿದರು. “ನಾನು ದಿನಾ ಇದೇ ಕೈಯಲ್ಲಿ ಎಣ್ಣೆ... ಮಗೂಗೆ ಏನಾದ್ರೂ...?”

“ಕೈಗಂಟಿದಷ್ಟರಿಂದ ಏನೂ ಆಗಲ್ಲ. ಮಗು ಚೆನ್ನಾಗಿದೆ. ಗಾಬರಿ ಬೇಡ.”

ಇನ್‌ಸ್ಪೆಕ್ಟರರು ಕುರ್ಚಿಯಲ್ಲಿ ಕುಸಿದು ಮೂಗೊರೆಸಿಕೊಂಡರು. ಹೆಂಡತಿ ಎದ್ದು ಬಂದು, ಗಂಡನ ಜೇಬಿನಿಂದ ಸುರುಳಿ ತೆಗೆದು, ಒಂದು ಕೆಂಪು ಚೀಟಿ ಹರಿದು, ಅವರ ಬಲ ಅಂಗೈಗೆ ಒತ್ತಿ ಅಂಟಿಸಿದಳು.

“ಎಡಗೈ ಬಿಟ್ಟೆಯಲ್ಲೇ,” ಎಂದರು ಅತ್ತೆ.