ಪ್ರೇತದ ಎದುರು ಚಿಕ್ಕಮ್ಮನ ಅರ್ಥಗಾರಿಕೆ

ನನ್ನ ಚಿಕ್ಕಮ್ಮನಷ್ಟು ಸಲ ಸತ್ತವರು ಸಾಗರ ತಾಲ್ಲೂಕಿನಲ್ಲಿ ಮತ್ತೊಬ್ಬರು ಇರಲಾರರು. ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಟಿ.ವಿ.ಯ ಮುಂದೆ ಕುಳಿತರೆಂದರೆ ಸಂಜೆಯ ಚಹಾದ ಹೊತ್ತಿಗೆ ಒಂದೆರಡು ಬಾರಿಯಾದರೂ ಪ್ರಾಣ ಬಿಡುವುದು ಖಂಡಿತ. ಕೊಲ್ಲುವವು ಪ್ರೇತಗಳು. ಆದರೆ ಸಾವಿಗೆ ಕಾರಣ ಪ್ರೇತಗಳಲ್ಲ, ಚಿಕ್ಕಮ್ಮನ ಮಾತು. ಓಡಿಹೋಗಬೇಕಾದಲ್ಲಿ ನಿಂತು ಮಾತಿಗೆ ತೊಡಗಿದರೆ ಯಾವ ಪ್ರೇತ ತಾನೆ ಕಾದೀತು?

ಗಾಬರಿ ಬೇಡ. ನಾನು ಹೇಳುತ್ತಿರುವುದು ವಿಡಿಯೊ ಗೇಮಿನ ವಿಷಯ. ಚಿಕ್ಕಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯಿಂದ ನಿವೃತ್ತರಾದವರು. ಮದುವೆ ಬೇಡವೆಂದು ತಾವೇ ತೀರ್ಮಾನಿಸಿ, ಸಾಗರದ ಪೇಟೆಯಲ್ಲಿ ಬಾಡಿಗೆಗೆ ಹಿಡಿದ ಮಹಡಿಮನೆಯಲ್ಲಿ ಯಾರ ಹಂಗೂ ಇಲ್ಲದೆ ಇರುವವರು. ಇಂಥವರ ಮನೆಗೆ ಪ್ರೇತಗಳು ಬಂದದ್ದು ಹೊಸನಗರದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ತಂಗಿಯ ಕೃಪೆಯಿಂದ. ಯಾರೋ ಮಾರಿಹೋದ ಹಳೆಯ ಗೇಮಿನ ಪೆಟ್ಟಿಗೆಯನ್ನು, ಸಿನಿಮಾದ ಡಿಸ್ಕನ್ನೂ ಹಾಕಿ ನೋಡಬಹುದೆಂಬ ಆಸೆ ತೋರಿಸಿ, ಅವಳು ಚಿಕ್ಕಮ್ಮನಿಗೆ ತಂದುಕೊಟ್ಟಳು. ತಂದಮೇಲೆ ನೋಡಿದರೆ ಒಳಗೊಂದು ಡಿಸ್ಕು ಸಿಕ್ಕಿಹಾಕಿಕೊಂಡಿದೆ, ಮುಚ್ಚಳ ತೆರೆಯುವುದಿಲ್ಲ.

"ಬಿಚ್ಚಿದ್ರೆ ಮತ್ತೆ ಜೋಡ್ಸೋಕಾಗೋದು ಗ್ಯಾರಂಟಿ ಇಲ್ಲ ಚಿಕ್ಕಮ್ಮಾ," ಎಂದು ತಂಗಿ ಸ್ಕ್ರೂಡ್ರೈವರ್ ಕೆಳಗಿಟ್ಟಳು.

"ಬಿಚ್ಬೇಡ ಬಿಡೆ. ಒಳಗೆ ಎಂತ ಸಿಕ್ಕಿದೆಯೋ ಅದನ್ನೇ ಹಾಕು. ಪಾಪ, ಅದೂ ಹೊರಗೆ ಬರೋಕಾಗ್ದೆ ಕೂತಿದೆ."

ಹಾಗೆ ಸಿಕ್ಕಿಕೊಂಡಿದ್ದದ್ದು ಒಂದು ಭಯಾನಕ ಗೇಮ್. ಭಯಾನಕವಾಗಿರಬೇಕೆಂದು ಮಾಡಿದವರು ಉದ್ದೇಶಿಸಿದ್ದರು, ಅಷ್ಟೆ. ಬಂದ ಕಾಲದಲ್ಲಿ ಜನ ನಕ್ಕು ಬದಿಗಿಟ್ಟದ್ದು. ಆಮೇಲೆ ಆ ನಗುವಿಗಾಗಿಯೇ ಹುಡುಕಿಕೊಂಡು ಆಡುವ ಭಕ್ತರು ಊರೂರಿನಲ್ಲಿ ಹುಟ್ಟಿಕೊಂಡರೆಂದು ತಂಗಿ ಹೇಳುತ್ತಾಳೆ. ಕತೆ ಹೀಗೆ: ಒಂದು ದ್ವೀಪ, ಅಲ್ಲೊಂದು ದೊಡ್ಡ ವಸತಿಗೃಹ. ಅದರ ಮಾಲೀಕ ಔಷಧ ಕಂಪನಿಯವನು. ಅಲ್ಲಿ ದುಡಿಯುವವರಿಗೆಲ್ಲ ಪುಕ್ಕಟೆ ಟಾನಿಕ್ ಕುಡಿಸಿ ಪ್ರೇತಗಳನ್ನಾಗಿ ಮಾಡಿದ್ದಾನೆ. ಕಾಣೆಯಾದ ಗೆಳತಿಯನ್ನು ಹುಡುಕಿಕೊಂಡು ಬಂದ ನರ್ಸ್ ಒಬ್ಬಳು ನಮ್ಮ ನಾಯಕಿ. ಅವಳು ಎಡಕ್ಕೆ ತಿರುಗಬೇಕಾದರೆ ಸಂತೆಯ ದಿನ ಓಣಿಯಲ್ಲಿ ರಿವರ್ಸ್ ತೆಗೆಯುವ ಲಾರಿಯಷ್ಟು ಹೊತ್ತು ಬೇಕು. ಬಾಯಿ ಮುಚ್ಚಿದ ಮೇಲೆ ಮಾತು ಕೇಳಿಸುತ್ತದೆ. ಧ್ವನಿ ಕೊಟ್ಟವರು "ಅಯ್ಯೋ, ಸತ್ತೆ" ಎಂಬುದನ್ನು ಬಸ್ಸಿನ ಬೋರ್ಡು ಓದಿದ ಹಾಗೆ ಓದಿದ್ದಾರೆ. ಬಚ್ಚಲುಮನೆಯ ಬಾಗಿಲು ತೆರೆಯಲು ಹಿತ್ತಾಳೆಯ ಕೊಕ್ಕರೆಯೊಂದನ್ನು ತಂದು ಮೂರನೆಯ ಮಹಡಿಯ ತಕ್ಕಡಿಯಲ್ಲಿ ಇಡಬೇಕು. ಅಂಥ ಮನೆಯಲ್ಲಿ ಅವಸರವಾದವರು ಏನು ಮಾಡುತ್ತಿದ್ದರೋ! ಚಿಕ್ಕಮ್ಮನಿಗೆ ಮಾತ್ರ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. "ಕೊಕ್ಕರೆ ಎಲ್ಲಿ ಸಿಕ್ತು?" ಎಂದು ಕೇಳಿದ್ದಕ್ಕೆ "ಮಂಡಗದ್ದೆ ಪಕ್ಷಿಧಾಮಕ್ಕೆ ಹೋಗಿ ತಂದೆ" ಎಂದು ಕಣ್ಣು ಮಿಟುಕಿಸದೆ ಉತ್ತರಿಸಿದರು.

ಮೊದಲ ದಿನ ನೋಡಿದಾಗ ನಾನು ಸುಮ್ಮನಿರಲಿಲ್ಲ. ಆ ಗೇಮಿನಲ್ಲಿರುವ ಅನ್ಯಾಯಗಳನ್ನು ಒಂದೊಂದಾಗಿ ಚಿಕ್ಕಮ್ಮನ ಮುಂದಿಟ್ಟೆ. ಅದರಲ್ಲಿ ಬಂದುಹೋಗುವ ಪೊಲೀಸನಿಗೆ ಗಟ್ಟಿ ಬೂಟು. ಕೆಸರಿನಲ್ಲಿಯೂ ನೆತ್ತರಿನಲ್ಲಿಯೂ ಓಡಬೇಕಾದ ನರ್ಸಿಗೆ ಹೈಹೀಲ್ಡ್ ಚಪ್ಪಲಿ. ಯಾವ ಆಸ್ಪತ್ರೆಯ ಸಮವಸ್ತ್ರ ಅದು? ಇಡೀ ದ್ವೀಪದಲ್ಲಿ ಕಪ್ಪು ಬಣ್ಣದವನೆಂದರೆ ದೋಣಿಯವನೊಬ್ಬನೆ, ದಾರಿ ಗೊತ್ತಿರುವವನೂ ಅವನೊಬ್ಬನೆ. ಮೊದಲು ಸಾಯುವವನೂ ಅವನೆ. ಪ್ರೇತಗಳಾದವರು ಯಾರು? ಕಾವಲುಗಾರ, ಅಡುಗೆಯವರು, ನೆಲ ಒರೆಸುವವರು. ಮಾಲೀಕನಿಗೆ ಮಾತ್ರ ತಾರಸಿಯ ಮೇಲೆ ಹೆಲಿಕಾಪ್ಟರು. ಒಪ್ಪಿಗೆಯಿಲ್ಲದೆ ಮನುಷ್ಯರ ಮೇಲೆ ಔಷಧ ಪ್ರಯೋಗಿಸುವುದು ಅಪರಾಧ. ಅದನ್ನು ಆಟವೆಂದು ಮಾರುವುದು ಇನ್ನೊಂದು. ಈ ಮಾತುಗಳಲ್ಲಿ ಒಂದನ್ನೂ ನಾನು ಇಂದಿಗೂ ಹಿಂದೆಗೆದುಕೊಳ್ಳುವುದಿಲ್ಲ.

ಚಿಕ್ಕಮ್ಮ ಶಾಂತವಾಗಿ ಕೇಳಿದರು. ಅನಂತರ ಹೇಳಿದರು: "ನೀ ಹೇಳಿದ್ದೆಲ್ಲ ಖರೆ ಮಾರಾಯ. ಆದ್ರೆ ಇದೆಲ್ಲ ಆ ಹುಡುಗಿಗೆ ಹೇಳೋಕೆ ಬರೋದಿಲ್ವಲ್ಲ. ಅದಕ್ಕೇ ನಾನು ಅವಳ ಬಾಯಲ್ಲಿ ಹೇಳ್ತೀನಿ."

ಹೀಗೆಂದು ಟಿ.ವಿ.ಯ ಸದ್ದನ್ನು ಪೂರ್ತಿ ಅಡಗಿಸಿದರು.

ಇಲ್ಲಿ ತಾಳಮದ್ದಳೆಯ ಮಾತು ಬರಬೇಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಎದುರುಬದುರು ಕುಳಿತವರು ತಾವೇ ಪಾತ್ರವಾಗಿ, ಬರೆದಿಟ್ಟುಕೊಳ್ಳದೆ ಆಡುವ ಮಾತೇ ಸರ್ವಸ್ವ. ಆ ಮಾತಿಗೆ 'ಅರ್ಥ' ಎಂದು ಹೆಸರು. ಹೊಸನಗರದಾಚೆಗಿನ ನಮ್ಮಜ್ಜನ ಮನೆಯಲ್ಲಿ ಅರ್ಥಧಾರಿಗಳು ಕೂಡುತ್ತಿದ್ದಾಗ ಚಿಕ್ಕಮ್ಮ ಅಡುಗೆಮನೆಯ ಬಾಗಿಲ ಹಿಂದೆ ಅವಲಕ್ಕಿ ಕಲಸುತ್ತ ಕೇಳಿಸಿಕೊಂಡು ಬೆಳೆದವರು. ಯೌವನದಲ್ಲಿ ಒಮ್ಮೆ, ತಾನೂ ಕೂರಲೆ ಎಂದು ಕೇಳಿದರಂತೆ. ಹೆಂಗಸಿನ ಸ್ವರ ಸಭೆಗೆ ಮುಟ್ಟುವುದಿಲ್ಲವೆಂಬ ಉತ್ತರ ಬಂತು. ಮುಟ್ಟುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಿದವರು ಯಾರೂ ಇಲ್ಲ. ಇದನ್ನು ಸಂಪ್ರದಾಯವೆಂಬ ಮೆತ್ತನೆಯ ಹೆಸರಿನಿಂದ ಕರೆಯಲು ನಾನು ಸಿದ್ಧನಿಲ್ಲ, ಅದು ಅನ್ಯಾಯ. ಈಗ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ತಾಲ್ಲೂಕುಗಳಲ್ಲಿಯೂ ಹೆಂಗಸರ ತಂಡಗಳಿವೆ. ಸೇರಿಕೊಳ್ಳಿ ಎಂದರೆ ಚಿಕ್ಕಮ್ಮ, "ಇಷ್ಟು ವರ್ಷ ಆದ್ಮೇಲೆ ಇನ್ನೊಬ್ರ ಎದುರು ಕೂತ್ಕಳೋಕೆ ನಾಚ್ಕೆ ಆಗ್ತದೆ" ಎನ್ನುತ್ತಿದ್ದರು.

ಪ್ರೇತದ ಎದುರು ನಾಚಿಕೆಯೇನು? ವಸತಿಗೃಹದ ಹೆಬ್ಬಾಗಿಲಲ್ಲಿ ಕಾವಲುಗಾರನ ಪ್ರೇತ ಎದುರಾದಾಗ ಚಿಕ್ಕಮ್ಮ ಬೆನ್ನು ನೆಟ್ಟಗೆ ಮಾಡಿ ಆರಂಭಿಸಿದರು: "ಎಲೈ ದ್ವಾರಪಾಲಕನೇ, ಧಣಿಯ ಬಾಗಿಲನ್ನು ಸತ್ತ ಮೇಲೂ ಕಾಯುತ್ತಿರುವೆಯಲ್ಲ! ಆ ಧಣಿಯಾದರೋ ಆಕಾಶಮಾರ್ಗವಾಗಿ ಪಾರಾಗುವ ಸಿದ್ಧತೆಯಲ್ಲಿರುವ ವಾರ್ತೆ ನಿನ್ನ ಕಿವಿಗೆ..."

ಅಷ್ಟರಲ್ಲಿ ದ್ವಾರಪಾಲಕ ನರ್ಸಿನ ಕುತ್ತಿಗೆಗೆ ಬಾಯಿ ಹಾಕಿದ್ದ. ತೆರೆ ಕೆಂಪಾಯಿತು.

"ನೋಡಿದ್ಯನಾ? ಪೀಠಿಕೆನೂ ಮುಗ್ದಿಲ್ಲ. ಎದುರಿನವರ ಮಾತು ಮುಗಿಯೋ ತನಕ ಕಾಯ್ಬೇಕು ಅನ್ನೋ ಮರ್ಯಾದೆ ಬೇಡ್ವಾ ಇವಕ್ಕೆ?"

"ಆಟ ನಿಲ್ಸಿ ಮಾತಾಡ್ಬಹುದಲ್ಲ ಚಿಕ್ಕಮ್ಮ. ಅದಕ್ಕೊಂದು ಬಟನ್ ಇದೆ."

"ನಿಲ್ಸಿದ್ರೆ ನಕಾಶೆ ಬರ್ತದೆ, ಅವನ ಮುಖ ಹೋಗ್ತದೆ. ನಕಾಶೆ ಹತ್ರ ಅರ್ಥ ಹೇಳ್ಲಾ?"

ಈ ಸಮಸ್ಯೆಯನ್ನು ಪರಿಹರಿಸಿದ್ದು ಗೇಮ್ ಮಾಡಿದವರ ಅಜಾಗರೂಕತೆ. ಅದೇ ಕಾವಲುಗಾರ ಒಮ್ಮೆ ಸ್ವಾಗತದ ಮೇಜಿನ ಹಿಂದೆ ಹೋಗಿ ಸಿಕ್ಕಿಕೊಂಡ. ಮುಂದೆ ಬರಲಾರ, ಹಿಂದೆ ಹೋಗಲಾರ. ನಿಂತಲ್ಲಿಯೇ ಹೆಜ್ಜೆ ಹಾಕುತ್ತ, ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ತಲೆಯಾಡಿಸುತ್ತ ಉಳಿದುಬಿಟ್ಟ. ಬೇರೆಯವರಾಗಿದ್ದರೆ ತಾಂತ್ರಿಕ ದೋಷವೆಂದು ಬೈಯುತ್ತಿದ್ದರು. ಚಿಕ್ಕಮ್ಮನಿಗೆ ಜನ್ಮದಲ್ಲಿ ಮೊದಲ ಸಲ ಮಾತಿಗೆ ತಲೆದೂಗುವ ಎದುರಾಳಿ ಸಿಕ್ಕಿದ. ನರ್ಸಿನ ಪರವಾಗಿ ಅವನನ್ನು ತರಾಟೆಗೆ ತೆಗೆದುಕೊಂಡು, ಅನಂತರ ಸ್ವರ ತಗ್ಗಿಸಿ ಅವನ ಪರವಾಗಿ ತಾವೇ ಉತ್ತರ ಹೇಳಿದರು: "ದೇವೀ, ರಜೆ ಮಂಜೂರಾಗದೆ ಪೂರ್ತಿ ಸಾಯುವುದಕ್ಕೂ ನನಗೆ ಅಧಿಕಾರವಿಲ್ಲ."

ಸದ್ದು ಜಾಸ್ತಿಯಾಯಿತೆಂದು ಆಕ್ಷೇಪಿಸಲು ಕೆಳಮನೆಯ ಒಡತಿ ಮಹಡಿ ಹತ್ತಿ ಬಂದದ್ದು ಆಗಲೆ. ತೀರ್ಥಹಳ್ಳಿ ಕಡೆಯ ಪುರೋಹಿತರ ಮನೆಯಲ್ಲಿ ಹುಟ್ಟಿದವರು, ಶಿಸ್ತಿನವರು. ಬಾಗಿಲಲ್ಲಿ ನಿಂತು ಕೇಳಿದರು. ಆಮೇಲೆ ಕೆಳಗೆ ಹೋಗಿ ತಮ್ಮದೊಂದು ಕುರ್ಚಿ ತಂದರು. ಮಾತು ಮುಗಿದು ಚಿಕ್ಕಮ್ಮ ಪಿಸ್ತೂಲು ಎತ್ತುತ್ತಿದ್ದಂತೆ ಅಡ್ಡ ಬಂದರು: "ಅವನನ್ನ ಕೊಲ್ಬೇಡಿ ಟೀಚರೇ. ಇನ್ನೊಬ್ಬ ಹೀಗೆ ಸಿಕ್ಕಿ ಬೀಳೋದು ಯಾವಾಗಲೋ ಏನೋ."

ಇದನ್ನೆಲ್ಲ ಕೇಳಿ ಉತ್ಸಾಹಗೊಂಡ ತಂಗಿ, ಒಂದು ದಿನ ಹೊಸ ಪೆಟ್ಟಿಗೆಯೊಂದನ್ನೂ ಹೊಸ ಗೇಮನ್ನೂ ಹೊಸನಗರದಿಂದ ತಂದಳು. ಅದರಲ್ಲಿ ನಾಯಕಿಯ ಒಂದೊಂದು ಕೂದಲೂ ಬೇರೆಬೇರೆಯಾಗಿ ಹಾರುತ್ತದೆ. ಪಾತ್ರಗಳು ಎಷ್ಟು ಚೆನ್ನಾಗಿ ಅಳುತ್ತವೆಂದರೆ ನಮಗೂ ಅಳು ಬರುತ್ತದೆ. ಚಿಕ್ಕಮ್ಮ ಒಂದು ಮಧ್ಯಾಹ್ನ ಆಡಿ ಪೆಟ್ಟಿಗೆಯನ್ನು ಮರಳಿಸಿದರು. "ಚಲೋ ಇದೆ. ಆದ್ರೆ ಎಲ್ಲಾ ಅವ್ರೇ ಆಡಿ ಮುಗ್ಸಿದಾರೆ ಕಣೆ. ನಮಗೆ ಕೂತ್ಕಳೋಕೆ ಜಾಗ ಇಲ್ಲ." ಹಳೆಯ ಗೇಮಿನ ಒಡಕುಗಳನ್ನು ನಾನು ಆ ದಿನದಿಂದ ಬೇರೆ ಕಣ್ಣಿನಿಂದ ನೋಡತೊಡಗಿದೆ. ಅದನ್ನು ಮಾಡಿದವರು ಸೋತ ಕಡೆಯಲ್ಲೆಲ್ಲ ಒಂದೊಂದು ಮಣೆ ಖಾಲಿ ಉಳಿದಿತ್ತು. ಅಲ್ಲಿ ಹೋಗಿ ಕುಳಿತುಕೊಳ್ಳುವ ಧೈರ್ಯವಿದ್ದವರು ಚಿಕ್ಕಮ್ಮ.

ಅಷ್ಟರಲ್ಲಿ ಅವರ ಸ್ವರ ಕೆಟ್ಟಿತು. ಮೊದಲು ಒರಟಾಯಿತು, ಆಮೇಲೆ ಮಾತಿನ ನಡುವೆ ಕಡಿದುಹೋಗತೊಡಗಿತು. ಶಿವಮೊಗ್ಗದ ವೈದ್ಯರು ಗಂಟಲಿಗೆ ಕೊಳವೆ ಇಳಿಸಿ ನೋಡಿ, ಸ್ವರತಂತುವಿನ ಮೇಲೆ ಗಂಟಿದೆ, ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ಮೊದಲಿನ ಸ್ವರ ಮರಳುವ ಭರವಸೆ ಕೊಡಲಾರೆ ಎಂದೂ ಹೇಳಿದರು. ಅದು ಪ್ರೇತಗಳಿಂದ ಬಂದ ಗಂಟಲ್ಲ. ಎಲ್ಲ ತರಗತಿಗಳನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ ಒಬ್ಬಳೇ ಶಿಕ್ಷಕಿಯ ಗಂಟಲಿಗೆ ಒಪ್ಪಿಸಿದ ವ್ಯವಸ್ಥೆ, ಸೇವಾವಧಿಯಿಡೀ ಕಟ್ಟಿದ ಗಂಟು. ಗಂಟಲು ಸವೆಸಿಕೊಂಡ ಶಿಕ್ಷಕಿಯರಿಗೆ ಪರಿಹಾರ ಕೊಡಬೇಕೆಂದು ಯಾವ ನಿಯಮದಲ್ಲಿಯೂ ಬರೆದಿಲ್ಲ. ಬರೆಯಬೇಕು.

"ತೆಗೀರಿ ಡಾಕ್ಟ್ರೇ," ಎಂದರು ಚಿಕ್ಕಮ್ಮ. "ಆದ್ರೆ ಸ್ವಲ್ಪ ಕಾಯ್ಬೇಕು. ಆ ಮಾಲೀಕನ ಎದುರು ಮಾತಾಡೋದು ಬಾಕಿ ಇದೆ."

ವೈದ್ಯರು ನನ್ನ ಕಡೆ ತಿರುಗಿ ಸಹಾನುಭೂತಿಯಿಂದ ಹೇಳಿದರು: "ವಕೀಲರಿಗೆ ಹೇಳಿ ತಾರೀಖು ಮುಂದಕ್ಕೆ ಹಾಕಿಸ್ಕೊಳ್ಳಿ."

ಗೇಮಿನ ಕೊನೆಯ ದೃಶ್ಯವೊಂದು ಉಳಿದಿತ್ತು. ತಾರಸಿಯ ಮೇಲೆ, ತನ್ನದೇ ಟಾನಿಕ್ ಕುಡಿದು ಪರ್ವತದಂತಾದ ಮಾಲೀಕ ಎದುರಾಗುತ್ತಾನೆ. ಅವನನ್ನು ಉದ್ದೇಶಿಸಿ ಹೇಳಬೇಕಾದ ಅರ್ಥವನ್ನು ಚಿಕ್ಕಮ್ಮ ತಿಂಗಳುಗಟ್ಟಲೆ ಮನಸ್ಸಿನಲ್ಲಿ ಕಟ್ಟುತ್ತಿದ್ದರು. ಆದರೆ ಆ ತಾರಸಿ ಬಟ್ಟಬಯಲು. ಅವನು ಸಿಕ್ಕಿಕೊಳ್ಳುವುದಕ್ಕೆ ಮೇಜಿಲ್ಲ, ಬಾಗಿಲಿಲ್ಲ. ಒಡತಿ ಶುಂಠಿಯ ಕಷಾಯ ತಂದು ಕಾದರು. ಚಿಕ್ಕಮ್ಮ "ಎಲೈ..." ಎನ್ನುವುದರೊಳಗೆ ಒಂದೋ ಮಾಲೀಕ ಮುಗಿಸುತ್ತಿದ್ದ, ಇಲ್ಲವೇ ಸ್ವರವೇ ಮುಗಿಯುತ್ತಿತ್ತು. ಆಸ್ಪತ್ರೆಗೆ ಹೊರಡುವ ದಿನ ಬಂದೇಬಿಟ್ಟಿತು.

ತೆಗೆದ ಗಂಟು ಕೆಟ್ಟದ್ದಲ್ಲವೆಂದು ಪರೀಕ್ಷೆ ಹೇಳಿತು. ನಾವೆಲ್ಲ ಉಸಿರು ಬಿಟ್ಟೆವು. ಕಡ್ಡಾಯ ಮೌನದ ಅವಧಿ ಮುಗಿದ ಮೇಲೆ ವೈದ್ಯರ ಎದುರು ಚಿಕ್ಕಮ್ಮ ಆಡಿದ ಮೊದಲ ಮಾತು "ನೀರು". ಆಡಿದವರೇ ಬೆಚ್ಚಿ, ಹೇಳಿದ್ದು ಯಾರೆಂದು ಹಿಂದೆ ತಿರುಗಿ ನೋಡಿದರು. ಅಂದಿನಿಂದ ಬಾಯಿ ಮುಚ್ಚಿದವರು ತೆರೆಯಲಿಲ್ಲ. ಹಾಲಿನವನಿಗೆ ಕೈಸನ್ನೆ, ಒಡತಿಗೆ ಚಪ್ಪಾಳೆ, ನನಗೆ ಹುಬ್ಬು. ಗೇಮಿನ ಪೆಟ್ಟಿಗೆಯ ಮೇಲೆ ಟವೆಲ್ ಹೊದೆಸಿದ್ದರು.

ತಂಗಿ ಫೋನಿನಲ್ಲಿ ಅಳುವ ಹಾಗಾದಳು. "ಮಾತಾಡ್ತಾ ಇದ್ರೆ ಮಾತ್ರ ಸ್ವರ ಕೂಡ್ತದಂತೆ ಅಣ್ಣಾ. ಹಿಂಗೇ ಸುಮ್ಮನಿದ್ರೆ ಇದ್ದದ್ದೂ ಹೋಗ್ತದೆ ಅಂದ್ರಂತೆ ಡಾಕ್ಟ್ರು. ನೀನು ಹೋಗಿ ಎಂತಾದ್ರೂ ಮಾಡು."

ನಾನು ಹೋದೆ. ಒಳ್ಳೆಯ ಮಾತಿನಿಂದ ಹೇಳಿದೆ, ವಾದಿಸಿದೆ. ಚಿಕ್ಕಮ್ಮ ಗೋಡೆ ನೋಡುತ್ತ ಕುಳಿತರು. ಬೇರೇನೂ ತೋಚದೆ ಟವೆಲ್ ತೆಗೆದು ಪೆಟ್ಟಿಗೆ ಹಚ್ಚಿ, ಗೇಮಿನ ರಿಮೋಟನ್ನು ಅವರ ಕೈಯಲ್ಲಿಟ್ಟೆ. ಅವರು ತಲೆಯಲ್ಲಾಡಿಸಿದರು. ಆದರೂ ಬೆರಳುಗಳು ತಾವಾಗಿ ಗುಂಡಿಗಳ ಮೇಲೆ ಹೋದವು. ತಾರಸಿ ಕಾಣಿಸಿತು. ಮಾಲೀಕ ಬಂದ. ನಾನು ನರ್ಸಾಗಿ ಬಾಯಿ ತೆರೆದೆ.

"ಮಾನ್ಯರೇ, ತಮ್ಮ ಸಂಸ್ಥೆಯಲ್ಲಿ ನಡೆದಿರುವ ಅಕ್ರಮಗಳ ಬಗ್ಗೆ ನಿಷ್ಪಕ್ಷಪಾತ ತನಿಖೆ ನಡೆಸಬೇಕೆಂದೂ, ಪ್ರೇತಗಳಾದ ಕಾರ್ಮಿಕರಿಗೆ ಪುನರ್ವಸತಿ ಕಲ್ಪಿಸಬೇಕೆಂದೂ ಈ ಮೂಲಕ..."

"ಇದೆಂತ, ತಹಶೀಲ್ದಾರರಿಗೆ ಕೊಡೋ ಮನವಿಯಾ?" ಎಂದರು ಬಾಗಿಲಲ್ಲಿ ನಿಂತಿದ್ದ ಒಡತಿ.

ಚಿಕ್ಕಮ್ಮನ ಭುಜ ಕುಲುಕಿತು. ಸದ್ದಿಲ್ಲದ ನಗು. ನಾವು ಸತ್ತೆವು. ಮತ್ತೆ ತಾರಸಿಗೆ ಬಂದೆವು. ಈ ಸಲ ನಾನು ಮನವಿಯ ಭಾಷೆಯನ್ನು ಬಿಟ್ಟು, ತೋಚಿದ್ದನ್ನು ತೋಚಿದ ಹಾಗೆ ಹೇಳಿದೆ:

"ಎಲೈ ಧಣಿಯೇ, ಇಷ್ಟು ಜನರ ಬಾಯಿಂದ ಮಾತನ್ನು ಕಿತ್ತುಕೊಂಡೆ. ನರಳಾಟವೊಂದೇ ಅವರಿಗೆ ಉಳಿಯಿತು. ಅವರ ಸ್ವರ ಒಡೆದುಹೋಯಿತೆಂದ ಮಾತ್ರಕ್ಕೆ ಹೇಳಬೇಕಾದದ್ದು ಅವರಲ್ಲಿ ಮುಗಿದುಹೋಯಿತೆಂದು ತಿಳಿದೆಯಾ?"

ಹೇಳಿದ ಮೇಲೆಯೇ ನನ್ನ ಮಾತು ಯಾರನ್ನು ಮುಟ್ಟಿತೆಂದು ಹೊಳೆದದ್ದು. ಒಡತಿ ಮೆಲ್ಲಗೆ ಒಳಗೆ ಬಂದು ಗೋಡೆಯ ಪಕ್ಕ ನಿಂತರು.

ಚಿಕ್ಕಮ್ಮ ರಿಮೋಟನ್ನು ಕೆಳಗಿಟ್ಟರು. ಎದ್ದು, ಕುರ್ಚಿಯನ್ನು ಟಿ.ವಿ.ಯ ಕಡೆಯಿಂದ ತಿರುಗಿಸಿ, ಸರಿಯಾಗಿ ನನ್ನೆದುರಿಗೆ ಹಾಕಿಕೊಂಡು ಕುಳಿತರು. ಸೆರಗು ಸರಿಮಾಡಿಕೊಂಡರು. ಅವರ ಬೆನ್ನ ಹಿಂದೆ ಮಾಲೀಕ ನಮ್ಮ ನರ್ಸನ್ನು ಏನು ಮಾಡಿದನೋ, ನಾವು ಯಾರೂ ನೋಡಲಿಲ್ಲ. ಗಂಟಲು ಸರಿಪಡಿಸಿಕೊಳ್ಳಲು ಅವರು ಎರಡು ಸಲ ಪ್ರಯತ್ನಿಸಿದರು. ಕೊನೆಗೆ, ಗಡಸಾದ, ಅಂಚು ಹರಿದ, ನಾನು ಅಲ್ಲಿಯವರೆಗೆ ಕೇಳಿರದ ಒಂದು ಸ್ವರ ಧಣಿಯ ಪಾತ್ರವಾಗಿ ಹೊರಟಿತು.

"ಎಲೌ ಹೆಣ್ಣೇ, ನಿನ್ನ ಮಾತು ಮುಗಿಯಿತಷ್ಟೆ? ಇನ್ನು ನನ್ನದನ್ನು ಕೇಳು."