ಒಂದು ಮಿಸ್ಡ್ ಕಾಲ್ ಬಂದರೆ

ಹಿಕ್ಮತ್‌ನ ಫೋನು ಮೂವತ್ತೆಂಟು ಪರ್ಸೆಂಟ್ ತೋರಿಸುತ್ತಿದೆ ಎಂದರೆ ಅದರ ಕೊನೆಗಾಲ ಬಂತೆಂದೇ ಅರ್ಥ. ಬೇರೆಯವರ ಫೋನುಗಳು ಹತ್ತಕ್ಕೆ ಇಳಿದಾಗ ಎಚ್ಚರಿಸುತ್ತವೆ, ಐದಕ್ಕೆ ಗೋಗರೆಯುತ್ತವೆ, ಆಮೇಲೆ ಸಾಯುತ್ತವೆ. ಇದು ಹಾಗಲ್ಲ. ಮೂವತ್ತೆಂಟರವರೆಗೆ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದು ಹೇಳದೆ ಕೇಳದೆ ಕಣ್ಣು ಮುಚ್ಚಿಬಿಡುತ್ತಿತ್ತು. ಆ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ, ಲೆಬನಾನಿನ ಟ್ರಿಪೋಲಿಯ ಬಂದರು ಬೀದಿಯ ಕನ್ನಡಕದ ಅಂಗಡಿಯಲ್ಲಿ ಅದು ಹೀಗೆಯೇ ಕಪ್ಪಾದಾಗ, ಸ್ಕ್ರೂಡ್ರೈವರ್ ಹಿಡಿದು ಕೂತಿದ್ದ ಹಿಕ್ಮತ್‌ನ ಮುಖವೂ ಜೊತೆಯಲ್ಲೇ ಕಪ್ಪಾಯಿತು.

ಕಾರಣವಿತ್ತು. ಅವತ್ತು ರಬಾಬ್‌ಳ ಮಿಸ್ಡ್ ಕಾಲ್ ಬರುವುದಿತ್ತು.

ಹಿಕ್ಮತ್‌ಗೆ ನಲವತ್ತೆರಡು. ಹೊಲಿಗೆ ಕೆಲಸದ ರಬಾಬ್ ಕನ್ನಡಕದ ಕಾಲು ಮುರಿದುಕೊಂಡು ಈ ಅಂಗಡಿಗೆ ಬಂದು ಒಂದು ವರ್ಷವಾಗಿತ್ತು. ಅದೇ ಕಾಲು ಆಮೇಲೆ ಇನ್ನೆರಡು ಸಲ ಮುರಿಯಿತು. ಆ ಎರಡು ಸಲವೂ ಅವಳು ಬೇಕೆಂದೇ ಮುರಿದಳೆಂದು ಅವನಿಗೆ ಅನುಮಾನ, ಮತ್ತು ಆ ಅನುಮಾನವೇ ಅವನ ಬದುಕಿನ ದೊಡ್ಡ ಸಂತೋಷ. ಆದರೆ ಹೆಣ್ಣು ಕೇಳಬೇಕಾದ್ದು ಅವಳ ಅಣ್ಣ ಜಕರಿಯಾನನ್ನು. ದ್ವೀಪಗಳಿಗೆ ದೋಣಿ ಬಿಡುವ ಅವನನ್ನು ಬಂದರಿನವರೆಲ್ಲ ರಯ್ಯಿಸ್, ಅಂದರೆ ದೋಣಿಯ ಯಜಮಾನ, ಅನ್ನುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ ಇರುವ ಮನುಷ್ಯ. ಹೊತ್ತು ನೋಡಿಯೇ ಮಾತಾಡಬೇಕು.

ಹಾಗಾಗಿ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದರು. ಅಣ್ಣ ಊಟಕ್ಕೆ ಕೂತಾಗ ಅವಳು ಮಾತು ತೆಗೆಯುವುದು. ಅವನು ಹೂಂ ಅಂದರೆ ಒಂದು ಮಿಸ್ಡ್ ಕಾಲ್: ಹಿರಿಯರನ್ನು ಕರೆದುಕೊಂಡು ಆಗಲೇ ಹೊರಟು ಬರಬೇಕು. ಊಹೂಂ ಅಂದರೆ ಬೆನ್ನುಬೆನ್ನಿಗೆ ಎರಡು ಮಿಸ್ಡ್ ಕಾಲ್: ಆ ಬೀದಿಗೆ ತಲೆ ಹಾಕಿಯೂ ಮಲಗಬಾರದು. ಫೋನ್ ಎತ್ತುವಂತಿಲ್ಲ, ಎತ್ತಿದರೆ ಅವಳ ಕರೆನ್ಸಿ ಹೋಗುತ್ತದೆ. ಬರೆದು ಕಳಿಸುವಂತಿಲ್ಲ, ಬರೆದದ್ದು ಅಣ್ಣನ ಕಣ್ಣಿಗೆ ಬೀಳುತ್ತದೆ.

ಈಗಾಗಲೇ ಎರಡು ಸಲ ಜಕರಿಯಾ ಒಪ್ಪಿದ್ದ, ರಬಾಬ್ ಒಂದೊಂದು ಮಿಸ್ಡ್ ಕಾಲೂ ಕೊಟ್ಟಿದ್ದಳು. ಎರಡು ಸಲವೂ ಹಿಕ್ಮತ್‌ನ ಫೋನು ಸತ್ತು ಬಿದ್ದಿತ್ತು. ಹೊಸ ಅಂಗಿ ತೊಟ್ಟು ಸಂಜೆವರೆಗೆ ಕಾದ ಅಣ್ಣ ಆ ಅಂಗಿ ಬಿಚ್ಚಿ ಎಸೆದಿದ್ದ. ಹೆಂಡತಿ ತೀರಿಕೊಂಡ ಒಬ್ಬ ರೊಟ್ಟಿ ಅಂಗಡಿಯವನು ಆಗಲೇ ಎರಡು ಸಲ ಹೆಣ್ಣು ಕೇಳಲು ಮನೆಗೆ ಬಂದು ಹೋಗಿದ್ದ.

"ಇನ್ನೊಂದು ಸಲ ನಿಮ್ಮ ಫೋನ್ ಸತ್ತಿದ್ರೆ, ನಾನೂ ಸತ್ತೆ ಅಂದ್ಕೊಂಡ್ಬಿಡಿ," ಎಂದು ಮೊನ್ನೆ ರಬಾಬ್ ಹೇಳಿದ್ದಳು. ಹಾಗೆ ಹೇಳುತ್ತಲೇ, ತನ್ನ ಫೋನಿನ ಬೆನ್ನು ಕಳಚದಂತೆ ಸುತ್ತಿದ್ದ ಜಡೆಯ ರಬ್ಬರ್‌ಬ್ಯಾಂಡನ್ನು ಸರಿಮಾಡಿಕೊಂಡಿದ್ದಳು.

ಲೆಬನಾನಿನ ಸರ್ಕಾರದ ಕರೆಂಟು ನೆನಪಾದಾಗ ಬರುತ್ತದೆ. ಬೀದಿಯ ಜನರೇಟರ್ ಶುರುವಾಗುವುದು ಸಂಜೆ ಐದಕ್ಕೆ. ಅಲ್ಲಿಯವರೆಗೆ ಸತ್ತ ಫೋನಿಗೆ ಜೀವ ಕೊಡುವ ದಾರಿಯಿರಲಿಲ್ಲ. ಹಿಕ್ಮತ್ ಎದ್ದು ನಿಂತ.

"ಅಬೂ ರಿಯಾದ್ ಅವ್ರೇ, ಅರ್ಧ ಗಂಟೆ ಬಿಡಿ. ಹೊಸ ಫೋನ್ ತಗೋಬೇಕು."

ಅಂಗಡಿಯ ಮಾಲೀಕ ಅಬೂ ರಿಯಾದ್ ಕನ್ನಡಕದ ಮೇಲಿಂದ ನೋಡಿದ. "ಒಬ್ಬನೇ ಹೋದ್ರೆ ನಿನಗೆ ಟೋಪಿ ಹಾಕಿ ಕಳಿಸ್ತಾರೆ. ನಾನೂ ಬರ್ತೀನಿ ನಡಿ."

ಹೊರಗೆ ಬಂದರೆ, ಮೇಲಿನ ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿಯನ್ನು ತರಕಾರಿ ಗಾಡಿಗೆ ಇಳಿಬಿಟ್ಟು ನಿಂತಿದ್ದ ಉಮ್ ಖಲ್ದೂನ್ ಬಗ್ಗಿದಳು. ಊರ ಉಸಾಬರಿಯೆಲ್ಲ ಆಕೆಯದೇ. "ಎಲ್ಲಿಗೆ ಹೊರಟ್ರಿ ಇಬ್ರೂ?" ಎಂದಳು. ಫೋನ್ ಅಂತ ಕೇಳಿದ್ದೇ ತಡ, ಬುಟ್ಟಿ ಅರ್ಧದಲ್ಲೇ ತೂಗಾಡುತ್ತಿರುವಾಗ ಆಕೆ ಕೆಳಗಿದ್ದಳು.

ಫೋನಿನ ಅಂಗಡಿಯ ಸರ್ಕೀಸ್ ಗಾಜಿನ ಮೇಲೆ ಮೂರು ಫೋನ್ ಸಾಲಾಗಿ ಇಟ್ಟ. "ಇದು ತೆಳ್ಳಗೆ, ಫೋಟೋ ಚೆನ್ನಾಗಿ ಬರುತ್ತೆ. ಇದು ಮಧ್ಯಮ. ಇದು ನೋಡಿ, ಆರು ಸಾವಿರ ಎಂಎಎಚ್ ಬ್ಯಾಟರಿ. ಎರಡು ದಿನ ಬರುತ್ತೆ ಅಂತ ಡಬ್ಬದ ಮೇಲೇ ಬರೆದಿದೆ."

"ಯಾರ ಎರಡು ದಿನ?" ಎಂದ ಅಬೂ ರಿಯಾದ್. "ಡಬ್ಬ ಮಾಡಿದೋರ ಊರಲ್ಲಿ ಟವರ್‌ಗೆ ಕರೆಂಟ್ ಇರುತ್ತೆ. ನಮ್ಮ ಟವರ್ ಆರಿದ್ರೆ ಫೋನು ಸಿಗ್ನಲ್ ಹುಡುಕಿ ಹುಡುಕಿಯೇ ಸುಸ್ತಾಗುತ್ತೆ. ನಮ್ಮೂರ ಲೆಕ್ಕದಲ್ಲಿ ಹೇಳು."

"ನಮ್ಮೂರ ಲೆಕ್ಕದಲ್ಲಿ ಒಂದೂವರೆ ದಿನ."

"ನಂದು ಕೇಳು ಮಗಾ," ಎಂದಳು ಉಮ್ ಖಲ್ದೂನ್, ಮಧ್ಯದ ಫೋನನ್ನು ಎತ್ತಿಕೊಂಡು. "ನನ್ನ ಹತ್ರ ಇರೋದು ಇದೇ. ಮಾಂಟ್ರಿಯಲ್‌ನಲ್ಲಿರೋ ಮಗಳ ಜೊತೆ ಎರಡು ಜಗಳ, ಒಂದು ರಾಜಿ ಆಗೋವರೆಗೂ ಬರುತ್ತೆ. ಮೂರನೇ ಜಗಳಕ್ಕೆ ಮಾತ್ರ ಕೈಕೊಡುತ್ತೆ."

"ನನಗೆ ಜಗಳ ಬೇಡ," ಎಂದ ಹಿಕ್ಮತ್ ಬೆವರು ಒರೆಸಿಕೊಳ್ಳುತ್ತಾ. "ಸಂಜೆ ತನಕ ಬದುಕಿದ್ದು ಒಂದು ಮಿಸ್ಡ್ ಕಾಲ್ ಹಿಡಿದ್ರೆ ಸಾಕು."

ಅಷ್ಟು ಅಂದದ್ದೇ ತಪ್ಪಾಯಿತು. ಯಾರ ಮಿಸ್ಡ್ ಕಾಲ್, ಯಾಕೆ ಎಂದು ಉಮ್ ಖಲ್ದೂನ್ ಎರಡೇ ನಿಮಿಷದಲ್ಲಿ ಎಲ್ಲವನ್ನೂ ಬಾಯಿ ಬಿಡಿಸಿದಳು. ಎಲ್ಲ ಕೇಳಿ ತಲೆಯಾಡಿಸಿ, "ಒಳ್ಳೇ ಸುದ್ದಿಗೆ ಒಂದು, ಕೆಟ್ಟ ಸುದ್ದಿಗೆ ಎರಡಾ? ಯಾರಪ್ಪಾ ಈ ಲೆಕ್ಕ ಹಾಕಿದೋರು?" ಎಂದಳು.

"ಅವಳೇ. ಒಳ್ಳೇದು ಬೇಗ ಮುಟ್ಟಲಿ ಅಂತ," ಎಂದ ಹಿಕ್ಮತ್.

ಕೊನೆಗೆ ಆರು ಸಾವಿರದ್ದೇ ಆಯಿತು. ಇಟ್ಟಿಗೆಯಷ್ಟು ದಪ್ಪ, ಕೈಗೆ ಭಾರ, ಆದರೆ ಎಂಬತ್ತೆರಡು ಪರ್ಸೆಂಟ್ ಆಗಲೇ ತುಂಬಿತ್ತು. ಹಲ್ಲು ಕಟ್ಟಿಸಲು ಕೂಡಿಟ್ಟಿದ್ದ ದುಡ್ಡು ಅಲ್ಲಿಗೆ ಹೋಯಿತು. ಹಳೆಯ ಫೋನಿನ ದೊಡ್ಡ ಸಿಮ್ ಹೊಸದಕ್ಕೆ ಹಿಡಿಸಲಿಲ್ಲ. ಸರ್ಕೀಸ್ ಕತ್ತರಿ ತಂದು ಅದನ್ನು ಉಗುರಿನಷ್ಟಕ್ಕೆ ಕತ್ತರಿಸತೊಡಗಿದಾಗ, ತನ್ನ ಕಿವಿಯನ್ನೇ ಕತ್ತರಿಸುತ್ತಿದ್ದಾರೇನೋ ಎಂಬಂತೆ ಹಿಕ್ಮತ್ ಕಣ್ಣು ಮುಚ್ಚಿಕೊಂಡ. ಈ ಎರಡು ನಿಮಿಷದಲ್ಲೇ ಅವಳು ರಿಂಗ್ ಮಾಡಿಬಿಟ್ಟರೆ?

"ಹಳೇದು ಇಲ್ಲೇ ಇರ್ಲಿ. ಚುಚ್ಚಿಟ್ಟಿರ್ತೀನಿ, ಸಂಜೆ ಜನರೇಟರ್ ಶುರುವಾದಾಗ ಚಾರ್ಜ್ ಆಗುತ್ತೆ," ಎಂದ ಸರ್ಕೀಸ್.

ಅಂಗಡಿಗೆ ಮರಳಿ ಹತ್ತು ನಿಮಿಷವಾಗಿರಲಿಲ್ಲ, ಫೋನ್ ರಿಂಗಾಯಿತು. ಹಿಕ್ಮತ್ ಹಾರಿಬಿದ್ದ. ಉಮ್ ಖಲ್ದೂನ್. ಮೇಲಿನಿಂದ ಅವಳ ದನಿಯೇ ಕೇಳಿಸಿತು: "ಬಂತಾ ಮಗಾ? ಬರುತ್ತೋ ಇಲ್ವೋ ಅಂತ ನೋಡ್ದೆ."

"ಬಂತು. ಇನ್ನು ನೋಡಬೇಡಿ."

ಸುದ್ದಿ ಬೀದಿಗೆಲ್ಲ ಹಬ್ಬಿತು. ಬಾಣಲಿಯ ಮುಂದೆ ನಿಂತ ಫಲಾಫೆಲ್‌ನವನು ಪರೀಕ್ಷೆ ಮಾಡಿದ. ಕ್ಷೌರದವನು ಪರೀಕ್ಷೆ ಮಾಡಿ, ಹಿಂದೆಯೇ ಬಂದು ಶುಭಾಶಯ ಹೇಳಿದ. ಪಕ್ಕದಲ್ಲೇ ಕೂತಿದ್ದ ಅಬೂ ರಿಯಾದ್ ಕೂಡ ಮೇಜಿನ ಕೆಳಗಿಂದ ಒಂದು ರಿಂಗ್ ಕೊಟ್ಟು, ಗೊತ್ತಿಲ್ಲದವನ ಹಾಗೆ ಮಸೂರ ಒರೆಸುತ್ತಿದ್ದ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಪ್ರತಿ ಸದ್ದಿಗೂ ಹಿಕ್ಮತ್‌ನ ಜೀವ ಬಾಯಿಗೆ ಬರುತ್ತಿತ್ತು. ಆ ಗಾಬರಿಯಲ್ಲಿ ಓದುವ ಕನ್ನಡಕವನ್ನು ಟ್ಯಾಕ್ಸಿಯವನಿಗೂ, ಟ್ಯಾಕ್ಸಿಯವನದನ್ನು ಮಸೀದಿಯ ಮುದುಕರಿಗೂ ಕೊಟ್ಟು ಕಳಿಸಿದ. ಟ್ಯಾಕ್ಸಿಯವನು ನಿಂಬೆಹಣ್ಣಿನ ಗಾಡಿಗೆ ಗುದ್ದಿಕೊಂಡು ವಾಪಸ್ ಬಂದಾಗ ಅರ್ಧ ಗಂಟೆ ಬೈಗುಳ ತಿನ್ನಬೇಕಾಯಿತು.

ಮೂರು ಗಂಟೆಗೆ ಉಮ್ ಖಲ್ದೂನ್‌ಳ ಬುಟ್ಟಿ ಅಂಗಡಿಯ ಬಾಗಿಲಿಗೆ ಇಳಿಯಿತು. ಒಳಗೆ ಅವಳ ಫೋನು, ಒಂದು ವೈರು. "ನಿನ್ನದರಿಂದ ನನ್ನದಕ್ಕೆ ಸ್ವಲ್ಪ ಚಾರ್ಜ್ ಕೊಡು ಮಗಾ. ಮೂರನೇ ಜಗಳ ಅರ್ಧಕ್ಕೆ ನಿಂತಿದೆ."

ಇಲ್ಲ ಅನ್ನುವುದು ಹಿಕ್ಮತ್‌ಗೆ ಹುಟ್ಟಿನಿಂದಲೂ ಬಾರದ ವಿದ್ಯೆ. ಕೊಟ್ಟ. ಎಂಬತ್ತೊಂದಿದ್ದದ್ದು ಎಪ್ಪತ್ತಾಯಿತು, ಅರವತ್ತನಾಲ್ಕಾಯಿತು. ಅಲ್ಲಿಗೆ ತಡೆಯಲಾರದೆ ವೈರು ಕಿತ್ತು ಬುಟ್ಟಿಗೆ ಹಾಕಿದ. ಮೇಲಿಂದ ಬಂದ ಮಾತುಗಳನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅರವತ್ತನಾಲ್ಕು ಇಳಿಯುತ್ತದೇನೋ ಎಂದು ಹಾಲು ಉಕ್ಕುವುದನ್ನು ಕಾಯುವವರಂತೆ ನೋಡುತ್ತಾ ಕೂತ.

ನಾಲ್ಕೂಕಾಲಿಗೆ ಫೋನ್ ರಿಂಗಾಯಿತು. ಪರದೆಯ ಮೇಲೆ ರಬಾಬ್ ಎಂದಿತ್ತು. ಒಮ್ಮೆ ರಿಂಗಾಗಿ ನಿಂತಿತು.

ಸದ್ದು ಕೇಳಿ ಕೆಳಗೆ ಓಡಿ ಬಂದ ಉಮ್ ಖಲ್ದೂನ್ ಜಪಮಣಿ ಹಿಡಿದು ಎಣಿಸತೊಡಗಿದಳು. ಮೂವತ್ತಮೂರು. ಅರವತ್ತಾರು. ತೊಂಬತ್ತೊಂಬತ್ತು. ಎರಡನೆಯದು ಬರಲಿಲ್ಲ. ಹಿಕ್ಮತ್ ಫೋನನ್ನು ಮುಟ್ಟಿ ಮುಟ್ಟಿ ನೋಡಿದ: ಬದುಕಿದೆ, ಸಿಗ್ನಲ್ ಇದೆ, ಅರವತ್ತನಾಲ್ಕೇ ಇದೆ. ಕಾಲು ಗಂಟೆ ಕಾದರು. ಇಲ್ಲ.

"ಒಂದೇ," ಎಂದ ಹಿಕ್ಮತ್. ಅವನ ಕಣ್ಣಲ್ಲಿ ನೀರಿತ್ತು.

"ನೋಡಿದ್ಯಾ, ಆರು ಸಾವಿರದ ಬ್ಯಾಟರಿ ಅಂದ್ರೆ ಇದು," ಎಂದ ಅಬೂ ರಿಯಾದ್, ತಾನೇ ಅದನ್ನು ಹೆತ್ತವನ ಹಾಗೆ.

ಅಂಗಡಿಯ ಬಾಗಿಲು ಎಳೆದರು. ದೊಡ್ಡ ತಟ್ಟೆ ತುಂಬ ಹಲಾವತ್ ಅಲ್-ಜಿಬ್ನ್ ಎಂಬ ಚೀಸಿನ ಸಿಹಿ ಕಟ್ಟಿಸಿದರು. ಹಿರಿಯನಾಗಿ ಕೋಟು ತೊಟ್ಟ ಅಬೂ ರಿಯಾದ್, ಹೆಂಗಸರ ಕಡೆಯಿಂದ ಉಮ್ ಖಲ್ದೂನ್, ಸಾಕ್ಷಿಗೆ ಸರ್ಕೀಸ್, ಹಿಂದೆ ತಟ್ಟೆ ಹೊತ್ತ ಮದುಮಗ. ಆ ಬೀದಿಯ ಜನರೇಟರ್ ಕೆಟ್ಟು, ಕರೆಂಟಿಲ್ಲದೆ ಲಿಫ್ಟ್ ನಿಂತಿತ್ತು. ಜಕರಿಯಾನ ಮನೆ ಐದನೆಯ ಮಹಡಿ. ಮೂರನೆಯದರಲ್ಲಿ ಅಬೂ ರಿಯಾದ್ ಗೋಡೆ ಹಿಡಿದು ನಿಂತ.

"ನೆನಪಿಟ್ಕೊಳ್ಳಿ," ಎಂದಳು ಉಮ್ ಖಲ್ದೂನ್. "ಕಾಫಿ ತಂದಿಟ್ಟಾಗ ಮುಟ್ಟಬಾರದು. ಹುಡುಗಿ ಕೇಳಿ, ಅವರು ಕೊಟ್ಟೆವು ಅಂದ ಮೇಲೇ ಕುಡಿಯೋದು."

"ನಾಲ್ಕು ಮದುವೆ ಮಾತಾಡಿದೀನಮ್ಮಾ, ನನಗೇ ಹೇಳ್ಕೊಡ್ತೀಯಾ," ಎಂದು ಅವನು ಏದುಸಿರು ಬಿಟ್ಟ.

ಬಾಗಿಲು ತೆಗೆದವನು ಜಕರಿಯಾ. ಬನಿಯನ್ ತೊಟ್ಟು, ಕೈಯಲ್ಲಿ ಗಡ್ಡ ಕೆರೆಯುವ ಮೆಷಿನ್ ಹಿಡಿದಿದ್ದ. ಬಲಗೆನ್ನೆ ನುಣ್ಣಗಿತ್ತು, ಎಡಗೆನ್ನೆಯಲ್ಲಿ ಒಂದು ವಾರದ ಗಡ್ಡ. ತಟ್ಟೆಯನ್ನು ನೋಡಿದ, ಕೋಟನ್ನು ನೋಡಿದ, ಹಿಕ್ಮತ್‌ನನ್ನು ನೋಡಿದ. ಅವನ ನುಣ್ಣಗಿನ ಕೆನ್ನೆ ಕೆಂಪಾಯಿತು. ಆದರೂ ಬಾಗಿಲಿಗೆ ಬಂದವರನ್ನು ನಿಲ್ಲಿಸುವಂತಿಲ್ಲ. "ಒಳಗೆ ಬನ್ನಿ," ಎಂದ ಹಲ್ಲು ಕಚ್ಚಿ.

ರಬಾಬ್ ಕಾಫಿ ತಂದಳು. ಅವಳ ಮುಖ ಸುಣ್ಣದಂತೆ ಬಿಳಿಚಿತ್ತು. ಹಿಕ್ಮತ್‌ನ ಮುಂದೆ ಲೋಟ ಇಡುವಾಗ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು: "ಯಾಕೆ ಬಂದ್ರಿ?"

"ಒಂದೇ ಬಂತಲ್ಲ?"

"ಎರಡು ಮಾಡೋಳಿದ್ದೆ. ಒಂದಾಗ್ತಿದ್ದ ಹಾಗೆ ನನ್ನ ಫೋನ್ ಸತ್ತುಹೋಯ್ತು."

ಹಿಕ್ಮತ್‌ನ ಕೈಯಲ್ಲಿದ್ದ ಆರು ಸಾವಿರದ ಬ್ಯಾಟರಿ ಆಗ ಇಟ್ಟಿಗೆಗಿಂತ ಭಾರವಾಯಿತು. ತನ್ನ ಫೋನಿನ ಆಯಸ್ಸನ್ನು ಇಡೀ ಬೀದಿಯೇ ಕೂತು ಅಳೆದಿತ್ತು. ಅವಳದಕ್ಕೆ ಎಷ್ಟು ಆಯಸ್ಸಿದೆ ಎಂದು ಅವನೂ ಕೇಳಿರಲಿಲ್ಲ. ತನ್ನ ಮೇಲೆ ತನಗೇ ನಾಚಿಕೆಯಾಯಿತು.

ಜಕರಿಯಾ ಗಂಟಲು ಸರಿಮಾಡಿಕೊಂಡ. "ಎರಡು ಸಲ ಕರೆದ್ರೂ ಫೋನ್ ಎತ್ತದ ಗಂಡಿಗೆ ತಂಗೀನ ಕೊಡಲ್ಲ ಅಂತ ಮಧ್ಯಾಹ್ನವೇ ಹೇಳಿದ್ದೆ. ಹೇಳಿದ ಮೇಲೂ ಇಷ್ಟು ಜನ ಕಟ್ಕೊಂಡು ಬಂದಿದೀರಿ ಅಂದ್ರೆ—"

ಅಷ್ಟರಲ್ಲಿ ಸುರ್ ಎಂದು ಸದ್ದಾಯಿತು. ಐದು ಮಹಡಿ ಹತ್ತಿ ಗಂಟಲೊಣಗಿದ್ದ ಅಬೂ ರಿಯಾದ್, ಮಾತು ಶುರುವಾಗುವ ಮೊದಲೇ ಕಾಫಿಯನ್ನು ಕೊನೆಯ ಗುಟುಕಿನವರೆಗೆ ಹೀರಿ ಮುಗಿಸಿದ್ದ. ಉಮ್ ಖಲ್ದೂನ್ ಹಣೆ ಚಚ್ಚಿಕೊಂಡಳು.

ಜಕರಿಯಾ ಖಾಲಿ ಲೋಟವನ್ನು ಎತ್ತಿ ಬಗ್ಗಿಸಿ ನೋಡಿದ. ನೋಡುತ್ತಾ ನೋಡುತ್ತಾ ಅವನ ಕೋಪ ಇಳಿಯಿತು.

"ಸರಿ. ಕೇಳೋ ಮೊದಲೇ ಕಾಫಿ ಕುಡಿದಾಯ್ತು. ಅಂದ್ರೆ ಸುಮ್ನೆ ನೋಡೋಕೆ ಬಂದಿದೀರಿ. ನೀವು ಏನೂ ಕೇಳಿಲ್ಲ, ನಾನೂ ಇಲ್ಲ ಅಂದಿಲ್ಲ. ಇಬ್ರ ಮರ್ಯಾದೆಯೂ ಉಳೀತು." ಸಿಹಿಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಎರಡು ತುಂಡು ಹೊಟ್ಟೆಗೆ ಹೋದ ಮೇಲೆ ಅವನ ಕಣ್ಣು ಹಿಕ್ಮತ್‌ನ ಕೈಗೆ ಬಿತ್ತು. "ಹೊಸದಾ? ಎಷ್ಟು ಹೊತ್ತು ಬರುತ್ತೆ?"

"ಒಂದೂವರೆ ದಿನ, ರಯ್ಯಿಸ್."

"ಈ ಮೆಷಿನ್ ಅದಕ್ಕೆ ಚುಚ್ಚಬಹುದಾ? ಇನ್ನೊಂದು ಗಂಟೇಲಿ ಗೆಳೆಯನ ಮಗನ ಮದುವೆ. ಅರ್ಧ ಮುಖ ಇಟ್ಕೊಂಡು ಹೇಗೆ ಹೋಗ್ಲಿ?"

ಚುಚ್ಚಿದರು. ಹೆಣ್ಣು ಕೇಳಲು ಬಂದವರೆಲ್ಲ ಕೈ ಕಟ್ಟಿ ಕೂತು, ರಯ್ಯಿಸ್ ಎಡಗೆನ್ನೆ ಕೆರೆದುಕೊಳ್ಳುವುದನ್ನು ನೋಡಿದರು. ಮುಗಿದಾಗ ನಲವತ್ತೊಂಬತ್ತು ಪರ್ಸೆಂಟ್ ಇನ್ನೂ ಉಳಿದಿತ್ತು. ಜಕರಿಯಾ ಗಲ್ಲ ಸವರಿಕೊಂಡು ಮೊದಲ ಸಲ ನಕ್ಕ.

"ಮನುಷ್ಯ ಒಳ್ಳೇವನ ಹಾಗೆ ಕಾಣಿಸ್ತಾನೆ. ಯೋಚನೆ ಮಾಡ್ತೀನಿ. ಮುಂದಿನ ಗುರುವಾರ ಮಧ್ಯಾಹ್ನ ನಾನೇ ಫೋನ್ ಮಾಡಿ ಹೇಳ್ತೀನಿ, ಎತ್ತಬೇಕು. ಎತ್ತದಿದ್ರೆ ರೊಟ್ಟಿ ಅಂಗಡಿಯವನೇ ಗತಿ." ಫೋನನ್ನು ತಿರುಗಿಸಿ ನೋಡಿದ. "ಇದು ಇಲ್ಲೇ ಇರ್ಲಿ. ಈ ಮನೇಲಿ ಬದುಕಿರೋ ಫೋನ್ ಒಂದೂ ಇಲ್ಲ. ಉತ್ತರ ಹೇಳೋಕಾದ್ರೂ ಬೇಕಲ್ಲ. ನಿನ್ನ ಸಿಮ್ ತಗೊಂಡು ಹೋಗು."

ಹಿಕ್ಮತ್ ರಬಾಬ್‌ಳ ಮುಖ ನೋಡಿದ. ಅವಳು ತಲೆ ತಗ್ಗಿಸಿ ಸಣ್ಣಗೆ ನಗುತ್ತಿದ್ದಳು. ಇಲ್ಲ ಅನ್ನುವ ವಿದ್ಯೆ ಈಗಲೂ ಅವನಿಗೆ ಬರಲಿಲ್ಲ.

ಎಲ್ಲರೂ ಬಂದರು ಬೀದಿಗೆ ಮರಳಿದರು. ಸರ್ಕೀಸ್ ಅಂಗಡಿ ತೆಗೆದು ಹಳೆಯ ಫೋನನ್ನು ಚಾರ್ಜಿನಿಂದ ಬಿಡಿಸಿ ಹಿಕ್ಮತ್‌ನ ಕೈಗಿಟ್ಟ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅದು ನೂರಕ್ಕೆ ನೂರು ತೋರಿಸುತ್ತಿತ್ತು. ಹಿಕ್ಮತ್‌ಗೆ ಹೋದ ಜೀವ ಬಂದಂತಾಯಿತು. ಬೆನ್ನು ಬಿಚ್ಚಿ, ಜೇಬಿನಿಂದ ಉಗುರಿನಷ್ಟಿದ್ದ ಸಿಮ್ ತೆಗೆದು ಹಳೆಯ ಮನೆಯೊಳಗೆ ಕೂರಿಸಿದ. ಅದು ಕೂರಲಿಲ್ಲ, ಮುದುಕನ ಬಾಯಿಯ ಒಂಟಿ ಹಲ್ಲಿನಂತೆ ಅಲ್ಲಾಡಿತು.

"ಕತ್ತರಿಸಿದ ಚೂರುಗಳು ಎಲ್ಲಿ ಸರ್ಕೀಸ್?"

"ಬೆಳಿಗ್ಗೆಯೇ ಗುಡಿಸಿ ಹಾಕ್ದೆ," ಎಂದ ಸರ್ಕೀಸ್. ಆಮೇಲೆ ಗಾಜನ್ನು ಒರೆಸಿ ಮತ್ತೆ ಮೂರು ಫೋನುಗಳನ್ನು ಸಾಲಾಗಿ ಇಟ್ಟ. "ಗುರುವಾರಕ್ಕೆ ಇನ್ನೂ ಏಳು ದಿನ ಇದೆ. ನಿಧಾನವಾಗಿ ನೋಡು. ಇದರ ಬ್ಯಾಟರಿ ಅದಕ್ಕಿಂತ ಚೆನ್ನಾಗಿದೆ."